ಇಂಟು ಹಾಕಿದ ಕಡೆ ಸಹಿ

ಹೊಲಿಗೆ ಮೇಡಮ್ಮಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಡೀ ಶಾಲೆ ಆಡಿಕೊಳ್ಳುತ್ತಿತ್ತು. ಇರದೆ ಇನ್ನೇನು? ಇಪ್ಪತ್ತಾರು ವರ್ಷ ಮಕ್ಕಳಿಗೆ ಗುಂಡಿ ಹಚ್ಚಲು, ಅಂಚು ಮಡಚಲು ಕಲಿಸಿದವರನ್ನು ಆ ಶಾಲೆ ಲೆಕ್ಕಕ್ಕಿಟ್ಟದ್ದೇ ಅಪರೂಪ. ಗಣಿತದವರು ರಜೆ ಹಾಕಿದರೆ ತರಗತಿ ಕಾಯಲು ಇವರು, ನಾಟಕವಿದ್ದರೆ ಪರದೆ ಹೊಲಿಯಲು ಇವರು, ಆಯಾ ಸಿಗದಾಗ ವಾಂತಿ ಒರೆಸಲೂ ಇವರೇ. ಮಕ್ಕಳು ಬೆನ್ನ ಹಿಂದೆ ‘ಸೂಜಿ ಮೇಡಂ’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಹೆಸರು ಅವರಿಗೆ ಒಳಗೊಳಗೇ ಹಿಡಿಸಿಯೂ ಇತ್ತು.

ಒಂಬತ್ತನೇ ತರಗತಿಯ ಹದಿನೆಂಟು ಮಕ್ಕಳನ್ನು ಸಮುದ್ರದಡಿ ಇಳಿಸಿ ಮೀನು ತೋರಿಸುವ ಪ್ರವಾಸವೊಂದು ಆ ವರ್ಷ ಪ್ರಿನ್ಸಿಪಾಲರ ತಲೆಗೆ ಹೊಕ್ಕಿತು. ಹೊಸ ದಾಖಲಾತಿಯ ಪುಸ್ತಿಕೆಗೆ ನೀರಿನೊಳಗಿನ ಫೋಟೋ ಬೇಕಂತೆ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹುಡುಗರ ಜೊತೆಗೆ ವಿಜ್ಞಾನದ ಮೇಷ್ಟ್ರು ಹೊರಟರು. ಏಳು ಜನ ಹುಡುಗಿಯರ ಜೊತೆಗೆ ಯಾರು ಎಂದಾಗ, ಕೇಳಬೇಕೇ, ಇವರು.

ಡೈವಿಂಗ್ ಕೇಂದ್ರವೆಂದರೆ ದಡದ ಮೇಲೆ ತಗಡು ಹೊದೆಸಿದ ಒಂದು ಉದ್ದನೆಯ ಕೋಣೆ. ಗೋಡೆಗುಂಟ ಒದ್ದೆ ರಬ್ಬರ್ ಉಡುಪುಗಳು ನೇತಾಡುತ್ತಿದ್ದವು. ಮೂಲೆಯಲ್ಲಿ ಗಾಳಿಯ ಸಿಲಿಂಡರುಗಳು. ಮಕ್ಕಳ ಚಪ್ಪಲಿ ಎಣಿಸುತ್ತಿದ್ದ ಮೇಡಮ್ಮಿಗೆ ಒಂದು ಜೊತೆ ಕಮ್ಮಿ ಅನ್ನಿಸಿ, ಉಡುಪುಗಳ ಹಿಂದೆ ಇಣುಕಿದರು. ಅಲ್ಲಿ ಗುಬ್ಬಿ ನಿಂತಿದ್ದಳು. ತರಗತಿಯಲ್ಲೆಲ್ಲ ಚಿಕ್ಕವಳೆಂದು ಆ ಹೆಸರು. ಬೆನ್ನು ತಿರುಗಿಸಿಕೊಂಡು, ಬಾಯಿಗೆ ಉಬ್ಬಸದ ಪಂಪ್ ಇಟ್ಟುಕೊಂಡು ಎಳೆಯುತ್ತಿದ್ದಳು.

“ಏನೇ ಇದು?”

“ಯಾರಿಗೂ ಹೇಳ್ಬೇಡಿ ಮೇಡಂ, ನಿಮ್ಮ ಕೈ ಮುಗೀತೀನಿ. ಎರಡು ಸಲ ಎಳ್ಕೊಂಡ್ರೆ ಆಯ್ತು, ಏನೂ ಆಗಲ್ಲ.”

ಮೇಡಂ ಅವಳ ಕೈ ಹಿಡಿದು ಸೀದಾ ತರಬೇತುದಾರನ ಮೇಜಿಗೆ ಎಳೆದುಕೊಂಡು ಬಂದರು. “ಉಬ್ಬಸ ಇರೋರು ಇಳೀಬಹುದೇನಪ್ಪಾ?”

ಬಿಸಿಲಿಗೆ ಕಂದಿದ ಮುಖದ ಆ ಮನುಷ್ಯ ಗಾಬರಿಯಾದ. “ಡಾಕ್ಟರ್ ಬರೆದುಕೊಡದೆ ಸಾಧ್ಯವೇ ಇಲ್ಲಮ್ಮ. ಕೆಳಗೆ ಉಸಿರು ಕಟ್ಟಿ ಹೆದರಿ ಸರ್ರಂತ ಮೇಲೆ ಬಂದ್ರೆ ಶ್ವಾಸಕೋಶ ಒಡೆದೇ ಹೋಗ್ಬಹುದು. ಅದಕ್ಕೇ ಅಲ್ವಾ ಫಾರ್ಮಲ್ಲಿ ಕೇಳಿರೋದು? ನಿಮ್ಮ ಶಾಲೆಯವರು ಯಾರಿಗೂ ಏನೂ ಇಲ್ಲ ಅಂತ ಬರೆದಿದ್ದಾರೆ.”

“ನಿನ್ನ ಫಾರ್ಮ್ ಹುಡುಕು,” ಎಂದು ಮೇಡಂ ಮೇಜಿನ ಮೇಲಿದ್ದ ಹುಡುಗಿಯರ ಫಾರ್ಮುಗಳ ಕಟ್ಟನ್ನು ಗುಬ್ಬಿಯ ಮುಂದೆ ದೂಡಿದರು. ತಾವು ಹುಡುಗರ ಕಟ್ಟು ತೆಗೆದುಕೊಂಡರು. ನೋಡುತ್ತ ನೋಡುತ್ತ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ಫಾರ್ಮು, ಒಂದೇ ನೀಲಿ ಶಾಯಿ. ಪ್ರಶ್ನೆಗೊಂದು ಉತ್ತರ ಬರೆಯುವ ಪುರಸೊತ್ತೂ ಇಲ್ಲದೆ, ‘ಇಲ್ಲ’ ಎಂಬ ಕಾಲಮ್ಮಿನಲ್ಲಿ ಮೇಲಿಂದ ಕೆಳಕ್ಕೆ ಸ್ಕೇಲಿಟ್ಟು ಒಂದೇ ಗೆರೆ. ಕೊನೆಯಲ್ಲಿ ಪೆನ್ಸಿಲಿನಲ್ಲಿ ಒಂದು ಇಂಟು ಗುರುತು, ಅದರ ಮೇಲೆ ಅಪ್ಪಂದಿರ ಸಹಿ.

ಇದು ಶಾಲೆಯ ಗುಮಾಸ್ತನ ಕೈಚಳಕ. ಯಾವ ಕಾಗದವೇ ಬರಲಿ, ತಾನೇ ಎಲ್ಲ ತುಂಬಿ ಇಂಟು ಹಾಕಿ ಕೊಡುತ್ತಿದ್ದ. ಇಂಟು ಕಂಡ ಕಡೆ ಎಲ್ಲರೂ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಕೆಲಸ ಬೇಗ ಮುಗಿಯುತ್ತದೆಂದು ಪ್ರಿನ್ಸಿಪಾಲರು ಅವನನ್ನು ಹೊಗಳಿದ್ದೂ ಉಂಟು. ಬೇಗ ಮುಗಿಯುತ್ತದಂತೆ! ಇವತ್ತು ಒಂದು ಮಗುವೇ ಮುಗಿದುಹೋಗುತ್ತಿತ್ತಲ್ಲ!

ಮೇಡಂ ಅಲ್ಲಿಂದಲೇ ಪ್ರಿನ್ಸಿಪಾಲರಿಗೆ ಫೋನ್ ಹಚ್ಚಿದರು.

“ಅಯ್ಯೋ, ಅಷ್ಟಕ್ಕೆಲ್ಲ ಯಾಕೆ ರಾದ್ಧಾಂತ?” ಎಂದಿತು ಆ ಕಡೆಯ ದನಿ. “ಪೋಷಕರೇ ಸೈನ್ ಮಾಡಿದಾರೆ, ನಮ್ಮ ತಲೆ ಮೇಲೇನಿಲ್ಲ. ಪಂಪ್ ಹೊಡ್ಕೊಂಡು ಐದು ನಿಮಿಷ ಇಳಿದು ಬರ್ಲಿ ಬಿಡಿ.”

“ನಿಮ್ಮ ಮಗಳಾಗಿದ್ರೆ ಇಳಿಸ್ತಿದ್ರಾ ಸಾರ್?”

ವಿಜ್ಞಾನದ ಮೇಷ್ಟ್ರು ಪಕ್ಕದಲ್ಲಿ “ಮೇಡಂ, ಸ್ವಲ್ಪ ಮೆತ್ತಗೆ” ಎಂದು ಗೊಣಗಿದರು. ಅವರ ಪಾಲಿನದ್ದು ಯಾವಾಗಲೂ ಇಷ್ಟೇ, ಮೆತ್ತಗೆ. ಮೇಡಂ ಫೋನ್ ಕುಕ್ಕಿ, ಹದಿನೆಂಟು ಮಕ್ಕಳೂ ಸೆಟೆದು ನಿಲ್ಲುವ ಹಾಗೆ ಗುಡುಗಿದರು.

“ಸುಳ್ಳಿಗೆ ಸೈನ್ ಹಾಕಿಸ್ಕೊಂಡು ಬರೋಕೆ ನಾಚಿಕೆ ಆಗಲ್ವಾ? ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆಯಲ್ಲ ಗುಬ್ಬಿ! ಸತ್ತೇ ಹೋಗಿದ್ರೆ ನಿಮ್ಮ ಅಮ್ಮನಿಗೆ ಏನಂತ ಹೇಳ್ಬೇಕಿತ್ತೇ ನಾನು?”

ಗುಬ್ಬಿ ಬಿಕ್ಕುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಅವಳ ಫಾರ್ಮಲ್ಲ, ಕಟ್ಟಿನ ಮೇಲಿದ್ದ ಇನ್ನೊಂದು ಹಾಳೆ.

“ಇದು ನಿಮ್ದು ಮೇಡಂ. ‘ಜೊತೆಗಿರುವ ಶಿಕ್ಷಕಿಗೆ ಈಜು ಬರುತ್ತದೆ, ಹೌದು’ ಅಂತ ಇದೆ. ನಿಮಗೆ ಈಜು ಬರುತ್ತಾ?”

ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡಿದರು.

ಮೇಡಮ್ಮಿಗೆ ಮೊಣಕಾಲುದ್ದ ನೀರಲ್ಲಿ ನಿಂತರೂ ಜೀವ ಪುಕಪುಕ ಎನ್ನುತ್ತಿತ್ತು. ಹಾಳೆ ಇಸಿದುಕೊಂಡರು. ಅದೇ ನೀಲಿ ಶಾಯಿ, ಅದೇ ಇಂಟು, ಮೇಲೆ ಅವರದೇ ದುಂಡನೆಯ ಸಹಿ. ಸ್ಟಾಫ್ ರೂಮಿನಲ್ಲಿ ಒಂದು ಕೈಯಲ್ಲಿ ಕಾಫಿ ಹಿಡಿದುಕೊಂಡೇ ಹಾಕಿದ್ದು ನೆನಪಾಯಿತು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಕಂಡವರ ತಟ್ಟೆಯ ನೊಣ ಹುಡುಕಿದ್ದಾಗಿತ್ತು. ಅಷ್ಟು ಹೊತ್ತು ಗುಮಾಸ್ತನ ಮೇಲೆ, ಪ್ರಿನ್ಸಿಪಾಲರ ಮೇಲೆ ಉರಿಯುತ್ತಿದ್ದ ಸಿಟ್ಟೆಲ್ಲ ತಿರುಗಿ ಅವರ ಮೇಲೇ ಬಿತ್ತು.

ತರಬೇತುದಾರ ಮೆಲ್ಲಗೆ ಕೇಳಿದ, “ಬರುತ್ತಲ್ವಾ ಅಮ್ಮ? ಹುಡುಗಿಯರ ದೋಣೀಲಿ ಈಜು ಬರೋ ಹೆಂಗಸು ಇರ್ಲೇಬೇಕು ಅಂತ ನಿಮ್ಮ ಶಾಲೇನೇ ಬರೆದುಕೊಟ್ಟಿದೆ. ಇಲ್ಲಾಂದ್ರೆ ದೋಣಿ ಬಿಡೋ ಹಾಗಿಲ್ಲ.”

ಉಳಿದ ಆರು ಹುಡುಗಿಯರು ಉಡುಪು ತೊಟ್ಟು, ಕನ್ನಡಕ ಹಣೆಗೇರಿಸಿ ಸಿದ್ಧರಾಗಿದ್ದರು. ಒಬ್ಬಳು ಕಣ್ಣಲ್ಲೇ ಬೇಡುತ್ತಿದ್ದಳು. ಹೌದು ಎಂದರೆ ಮುಗಿಯಿತು. ಮೇಡಂ ದೋಣಿಯ ಹಲಗೆ ಗಟ್ಟಿಯಾಗಿ ಹಿಡಿದು ಕೂತರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಮೇಡಂ ಪೆನ್ನು ತೆಗೆದು ‘ಹೌದು’ ಹೊಡೆದುಹಾಕಿದರು. ‘ಇಲ್ಲ’ ಎಂದು ಬರೆದು ಮತ್ತೆ ಸಹಿ ಹಾಕಿದರು.

ಹುಡುಗರ ಫಾರ್ಮುಗಳನ್ನು ಒಬ್ಬೊಬ್ಬರನ್ನೇ ಕೇಳಿ ಹೊಸದಾಗಿ ಬರೆಸಿದ ಮೇಲೆ ಅವರಲ್ಲೂ ಇಬ್ಬರು ದಡದಲ್ಲೇ ಉಳಿದರು. ಒಂಬತ್ತು ಹುಡುಗರ ದೋಣಿ ಹೊರಟಿತು. ಹುಡುಗಿಯರು ಗೋಡೆಗೆ ಒರಗಿ ಕೂತರು. ಒಬ್ಬಳೂ ಮೇಡಮ್ಮಿನ ಕಡೆ ತಿರುಗಲಿಲ್ಲ. “ಇವರಿಂದಲೇ ಎಲ್ಲ ಹಾಳಾಯ್ತು,” ಎಂದು ಒಬ್ಬಳು ಕೇಳಿಸುವ ಹಾಗೇ ಅಂದಳು. ಬೇರೆ ದಿನವಾಗಿದ್ದರೆ ಮೇಡಂ ಸುಮ್ಮನೆ ಬಿಡುತ್ತಿರಲಿಲ್ಲ. ಇವತ್ತು ಅವಳು ಆಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ದೋಣಿ ಹತ್ತುವ ಮೊದಲೇ ವಿಜ್ಞಾನದ ಮೇಷ್ಟ್ರು ಸುದ್ದಿ ಮುಟ್ಟಿಸಿದ್ದರೇನೋ, ಈ ಸಲ ಪ್ರಿನ್ಸಿಪಾಲರೇ ಫೋನ್ ಮಾಡಿದರು. “ಆಗಿದ್ದು ಆಯ್ತು ಬಿಡಿ. ಹುಡುಗಿಯರ ಮನೆಯವರಿಗೆ ಸಮುದ್ರ ಸರಿ ಇರ್ಲಿಲ್ಲ, ಅಲೆ ಜಾಸ್ತಿ ಇತ್ತು ಅಂತ ಹೇಳಿಬಿಡೋಣ.”

“ಸಮುದ್ರ ಚೆನ್ನಾಗೇ ಇದೆ ಸಾರ್,” ಎಂದರು ಮೇಡಂ, ಹುಡುಗಿಯರೆಲ್ಲ ಕೇಳಲೆಂದು ದನಿ ಎತ್ತರಿಸಿ. “ಹೊಲಿಗೆ ಮೇಡಂಗೆ ಈಜು ಬರಲ್ಲ, ಬರುತ್ತೆ ಅಂತ ಓದದೇ ಸೈನ್ ಹಾಕಿದ್ರು ಅಂತ ಹೇಳಿ. ಗುಬ್ಬಿ ಮನೆಗೆ ಮಾತ್ರ ನೀವು ಹೇಳ್ಬೇಡಿ. ಅಲ್ಲಿಗೆ ನಾನೇ ಹೋಗ್ತೀನಿ.”