ಗುಡ್ಡ ಉರಿದ ದಿನದ ಹಾಜರಿ

ನಮ್ಮ ಹಾಸ್ಟೆಲಿನ ವಾರ್ಡನ್ನರು ಹಾಜರಿ ತೆಗೆಯುವಾಗ ಹೆಸರು ಕರೆಯುತ್ತಿರಲಿಲ್ಲ, ನಂಬರು ಕರೆಯುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ರಿಜಿಸ್ಟರಿನಿಂದ ತಲೆ ಎತ್ತದೆ ಒಂದೇ ಉಸಿರಿಗೆ ಓದಿಕೊಂಡು ಹೋಗುತ್ತಿದ್ದರು. ‘ಪ್ರೆಸೆಂಟ್ ಸರ್’ ಎಂಬ ಕೂಗು ಯಾವ ಮೂಲೆಯಿಂದ ಬಂದರೂ ಅವರಿಗೆ ಸಾಕು. ಹಾಗಾಗಿ ಒಬ್ಬನ ಹಾಜರಿಯನ್ನು ಇನ್ನೊಬ್ಬ ಕೂಗುವುದು ತಪ್ಪೆಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಹೊಸಪೇಟೆಯ ಟೆಂಟಿನಲ್ಲಿ ಸಿನಿಮಾ ನೋಡಲು ಹೋದವನಿಗೆ, ಕಮಲಾಪುರದ ಕೆರೆಯಲ್ಲಿ ಈಜಲು ಹೋದವನಿಗೆ, ಸುಮ್ಮನೆ ಚಾದರ ಹೊದ್ದು ಮಲಗಿದವನಿಗೆ, ಎಲ್ಲರಿಗೂ ಯಾರಾದರೊಬ್ಬರು ಕೂಗುತ್ತಿದ್ದೆವು. ನಾನಂತೂ ಮೂರು ಥರದ ದನಿ ತೆಗೆಯಬಲ್ಲೆನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಕಾಲೇಜು ಇದ್ದದ್ದು ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವ ರಸ್ತೆಯ ಪಕ್ಕ, ಗುಡ್ಡದ ಬುಡದಲ್ಲಿ. ಕಾಲೇಜೆಂದರೆ ಯಾರೋ ವ್ಯಾಪಾರಸ್ಥರು ಬಿಟ್ಟುಕೊಟ್ಟ ಹಳೆಯ ಗೋದಾಮು. ಅದರ ನಡುವೆ ತಡಿಕೆ ಕಟ್ಟಿ ಮೂರು ಕ್ಲಾಸು ಮಾಡಿದ್ದರು. ಒಂದು ಕ್ಲಾಸಿನ ತರ್ಕಶಾಸ್ತ್ರ ಪಕ್ಕದ ಕ್ಲಾಸಿನ ಗಣಿತಕ್ಕೆ ಕೇಳಿಸುತ್ತಿತ್ತು. ಹಿಂದೆ ಹುಲ್ಲು ಹೊದಿಸಿದ ಉದ್ದನೆಯ ಹಾಸ್ಟೆಲು, ಅದರ ಹಿಂದೆ ಬಾವಿ, ಬಾವಿಯ ಹಿಂದೆ ನೇರವಾಗಿ ಗುಡ್ಡ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಓದಲು ಬೆಳಕಿಲ್ಲ, ಆದರೂ ಪರೀಕ್ಷೆಗಳು ಮಾತ್ರ ಮದ್ರಾಸಿನಿಂದ ಸರಿಯಾದ ಹೊತ್ತಿಗೆ ಬರುತ್ತಿದ್ದವು.

ನನ್ನ ಪಕ್ಕದ ಚಾಪೆಯವನು ಬಂಡ್ರಿ ಕಡೆಯ ರೈತರ ಮಗ. ಮಾತು ಕಡಿಮೆ, ನಗು ಜಾಸ್ತಿ. ಅವನಿಗಾಗಲೇ ಮದುವೆಯಾಗಿತ್ತು. ಹೆಂಡತಿ ಹೆರಿಗೆಗೆಂದು ತವರಿಗೆ ಬಂದಿದ್ದಳು, ಆ ತವರು ಗುಡ್ಡದಾಚೆಯ ಹಳ್ಳಿ. ಗುಡ್ಡ ಹತ್ತಿ ಇಳಿದರೆ ಅರ್ಧ ದಿನದ ದಾರಿ. ಗಂಡು ಹುಟ್ಟಿದೆ ಎಂದು ಸುದ್ದಿ ಬಂದಾಗ ಅವನು ರಜೆ ಕೇಳಿದ, ವಾರ್ಡನ್ನರು ಕೊಡಲಿಲ್ಲ. ಹೇಳದೆ ಹೋದ, ತಿರುಗಿ ಬರುವಾಗ ವಾರ್ಡನ್ನರಿಗೇ ಎದುರಾಗಿ ಸಿಕ್ಕಿಬಿದ್ದ. ಮತ್ತೊಮ್ಮೆ ಹೋದ, ಮತ್ತೆ ಸಿಕ್ಕಿಬಿದ್ದ. ಆಗ ವಾರ್ಡನ್ನರು ಎಲ್ಲರೆದುರು ಅವನಿಗೆ ಹೇಳಿದ್ದರು: “ಇನ್ನೊಂದು ಸಲ ಹಿಂಗ ಮಾಡಿದಿ ಅಂದ್ರ ನಿನ್ನ ಊಟಾನೂ ಬಂದ್, ಹಾಸ್ಟೆಲೂ ಬಂದ್. ಟ್ರಂಕು ಹೊತ್ಕಂಡು ಊರಿಗೆ ನಡಿ.” ಧರ್ಮದ ಊಟದ ಮೇಲೆ ಓದುತ್ತಿದ್ದವನಿಗೆ ಹಾಸ್ಟೆಲು ಹೋದರೆ ಕಾಲೇಜೂ ಹೋದಂತೆ.

ಆದರೂ ಆ ಶನಿವಾರ ಸಂಜೆ ಅವನು ಅಂಗಿ ತೊಟ್ಟು ನನ್ನ ಮುಂದೆ ನಿಂತ.

“ನಾಳೆ ಮಧ್ಯಾಹ್ನ ಊಟದ ಹಾಜರಿಗೆ ಬಂದಬಿಡ್ತೀನಲೇ. ಸ್ವಲ್ಪ ತಡ ಆದ್ರ ನೀ ಕೂಗು,” ಎಂದ.

“ಕೂಗ್ತೀನಿ ಹೋಗು. ಬರೋವಾಗ ಅಂಟಿನುಂಡಿ ತಗಂಡ್ ಬಾ. ಬಾಣಂತಿಗೆ ಮಾಡಿದ್ದು ಭಾಳ ಇರ್ತಾವು,” ಎಂದೆ ನಾನು. ಅವನು ನಕ್ಕು ಬಾವಿಯ ಪಕ್ಕದಿಂದ ಗುಡ್ಡ ಹತ್ತಿದ.

ಭಾನುವಾರ ಬೆಳಿಗ್ಗೆಯೇ ನೆತ್ತಿಯ ಹತ್ತಿರ ಹೊಗೆ ಕಂಡಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೇಸಿಗೆ ಬಂತೆಂದರೆ ಗುಡ್ಡದಲ್ಲಿ ಎಲ್ಲೋ ಒಂದು ಕಡೆ ಹೊಗೆ ಇದ್ದದ್ದೇ. ಒಣಗಿದ ಬಾದೆಹುಲ್ಲಿಗೆ ಕುರಿಯವರು ಕಡ್ಡಿ ಗೀರುತ್ತಾರೆ, ಮಳೆ ಬಿದ್ದ ಮೇಲೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆಂದು. ನಾವು ಹಲ್ಲುಜ್ಜುತ್ತಾ ನೋಡಿದೆವು, ಬಟ್ಟೆ ಒಗೆಯುತ್ತಾ ನೋಡಿದೆವು. ಊಟದ ಹೊತ್ತಿಗೆ ಅವನು ಬಂದಿರಲಿಲ್ಲ. ವಾರ್ಡನ್ನರು ಅವನ ನಂಬರು ಕರೆದರು. ನಾನು ಗಂಟಲನ್ನು ಸ್ವಲ್ಪ ದಪ್ಪ ಮಾಡಿಕೊಂಡು ಕೂಗಿದೆ. ಅವರು ಗೀಟು ಹಾಕಿದರು. ನಾನು ಸಾರು ಬಡಿಸಿಕೊಂಡೆ.

ಊಟ ಮುಗಿಯುವಷ್ಟರಲ್ಲಿ ಗಾಳಿ ತಿರುಗಿತು. ಮೊದಲು ಗೊತ್ತಾದದ್ದು ಅಡಿಗೆಯವರಿಗೆ. ಬಿಸಿಲಿಗೆ ಹರವಿದ್ದ ಹಪ್ಪಳದ ಮೇಲೆ ಕರಿ ಬೂದಿ ಉದುರುತ್ತಿದೆಯೆಂದು ಬೈಯುತ್ತಾ ಹೊರಗೆ ಬಂದರು, ಗುಡ್ಡ ನೋಡಿ ಬೈಗುಳ ನಿಲ್ಲಿಸಿದರು. ಬೆಂಕಿ ನೆತ್ತಿಯಿಂದ ಈಚೆಗೆ ಇಳಿದಿತ್ತು. ಬಿದಿರು ಸಿಡಿಯುವ ಸದ್ದು ಕೇಳಿಸುತ್ತಿತ್ತು.

ಆಮೇಲೆ ಕಾಲೇಜಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಒಂದು ಕಡೆ ನಗು ಬರುತ್ತದೆ, ಒಂದು ಕಡೆ ಮೈ ಉರಿಯುತ್ತದೆ. ಪ್ರಿನ್ಸಿಪಾಲರು ಮದ್ರಾಸಿನಿಂದ ಬಂದ ಸಭ್ಯರು, ಕನ್ನಡವನ್ನು ಪುಸ್ತಕದಿಂದ ಕಲಿತವರು. ಗುಡ್ಡದ ನೆತ್ತಿಯ ಆಚೆ ಸಂಡೂರು ಸಂಸ್ಥಾನ, ಈಚೆ ಸರ್ಕಾರದ ಕಾಡು. “ಅಗ್ನಿಯು ಯಾರ ಸರಹದ್ದಿನಲ್ಲಿ ಇರುವುದು?” ಎಂದು ಅವರು ಕೇಳಿದರು. ಇಬ್ಬರು ಮೇಷ್ಟ್ರು ಅದರ ಬಗ್ಗೆ ವಾದಕ್ಕೇ ಇಳಿದರು. ಬೆಂಕಿಗೆ ಒಂದು ನೋಟೀಸು ಕಳಿಸುವುದಷ್ಟೇ ಬಾಕಿ. ಕೆಮಿಸ್ಟ್ರಿಯವರು ಮಾತ್ರ ಯಾರನ್ನೂ ಕೇಳದೆ ಸ್ಪಿರಿಟ್ಟಿನ ಸೀಸೆಗಳನ್ನು ಎದೆಗವಚಿಕೊಂಡು ರಸ್ತೆಯ ಆಚೆಗೆ ಓಡಾಡತೊಡಗಿದರು. ಅವರನ್ನು ನೋಡಿ ನಮಗೂ ಬುದ್ಧಿ ಬಂತು. ಕೆಲವರು ಲೈಬ್ರರಿಯ ಪುಸ್ತಕ ಹೊತ್ತು ರಸ್ತೆಗೆ ಸುರಿದರು. ಕೆಲವರು ಮೆಸ್ಸಿನ ಮಚ್ಚು, ಸನಿಕೆ ಹಿಡಿದು ಬಾವಿಯ ಹಿಂದಿನ ಹುಲ್ಲು ಕೆರೆಯತೊಡಗಿದರು. ಉಳಿದವರು ಗೋಣಿಚೀಲ ನೆನೆಸಿ ಹಾಸ್ಟೆಲಿನ ಸೂರಿನ ಮೇಲೆ ಎಸೆದರು.

ನಾನೂ ಚೀಲ ನೆನೆಸುತ್ತಿದ್ದೆ. ಆದರೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಂದು ಚೀಲ ನೆನೆಸುವುದು, ಗುಡ್ಡ ನೋಡುವುದು. ರಸ್ತೆಯ ತನಕ ಓಡುವುದು, ಯಾರಾದರೂ ಬರುತ್ತಿದ್ದಾರೇನೋ ಎಂದು ನೋಡಿ ತಿರುಗಿ ಬರುವುದು. “ನಿಂಗೇನಾಗೇತಲೇ, ಕಾಲಿಗೆ ಇರುವಿ ಹತ್ಯಾವೇನು?” ಎಂದು ಒಬ್ಬ ರೇಗಿಸಿದ. ಅವನಿಗೊಂದು ಹೊಡೆಯಬೇಕೆನಿಸಿತು.

ಮೂರು ಗಂಟೆಯ ಸುಮಾರಿಗೆ ಕಾಡಿನ ಗಾರ್ಡು ಓಡಿಬಂದ. ಖಾಕಿ ಅಂಗಿ ಬೆವರಿಗೆ ಮೈಗಂಟಿತ್ತು. ಜೊತೆಗೆ ಕೊಡಲಿ ಹಿಡಿದ ಇಬ್ಬರು ಹಳ್ಳಿಯವರಿದ್ದರು. ಆತ ನೇರವಾಗಿ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತ.

“ಸಾಹೇಬ್ರ, ನಿಮ್ ಹುಡುಗ್ರು ಯಾರರ ಮ್ಯಾಲೆ ಹೋಗ್ಯಾರೇನ್ರಿ? ಇದ್ರ ಈಗ ಹೇಳಿಬಿಡ್ರಿ. ಹಳ್ಳದ ದಾರಿಗೆ ಇನ್ನಾ ಬೆಂಕಿ ಬಂದಿಲ್ಲ, ಹೋಗಿ ಕರಕಂಡು ಬರಬೌದು. ಇನ್ನೊಂದು ತಾಸಿಗೆ ಅದೂ ಬಂದ್ ಆಗತೈತಿ.”

ಪ್ರಿನ್ಸಿಪಾಲರು ವಾರ್ಡನ್ನರ ಮುಖ ನೋಡಿದರು. ವಾರ್ಡನ್ನರು ಕಂಕುಳಲ್ಲಿದ್ದ ರಿಜಿಸ್ಟರು ತೆರೆದು, ಗೀಟುಗಳ ಮೇಲೆ ಬೆರಳಾಡಿಸಿ, “ಎಲ್ಲಾರೂ ಹಾಜರ್ ಅದಾರ್ರಿ. ಮಧ್ಯಾಹ್ನ ನಾನ ಕೈಯಾರ ತಗಂಡೀನಿ,” ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು.

ನಾನು ಹತ್ತು ಮಾರು ದೂರದಲ್ಲಿ ಒದ್ದೆ ಚೀಲ ಹಿಡಿದು ನಿಂತಿದ್ದೆ. ಎಲ್ಲ ಮಾತೂ ಕೇಳಿಸಿತು. ಹೇಳಿದರೆ ಅವನ ಓದು ಇವತ್ತಿಗೆ ಮುಗಿಯುತ್ತದೆ ಎಂದುಕೊಂಡೆ. ಮಗು ನೋಡಲು ಹೋದ ಅಳಿಯನನ್ನು ಮಾವನ ಮನೆಯವರು ಊಟ ಮಾಡಿಸದೆ ಬಿಡುತ್ತಾರೆಯೇ, ಅವನಿನ್ನೂ ಹೊರಟೇ ಇರಲಿಕ್ಕಿಲ್ಲ, ಆಚೆಯಿಂದಲೇ ಹೊಗೆ ನೋಡಿ ನಿಂತಿರುತ್ತಾನೆ ಎಂದುಕೊಂಡೆ. ಇವೆಲ್ಲ ನಿಜವಾದ ಯೋಚನೆಗಳೇ. ಆದರೆ ಅವುಗಳ ಅಡಿಯಲ್ಲಿ ಇನ್ನೊಂದಿತ್ತು. ಹೇಳಿದರೆ ಹಾಜರಿ ಕೂಗಿದವನು ಯಾರು ಎಂಬ ಪ್ರಶ್ನೆ ಬರುತ್ತದೆ. ನಾನು ಹೆದರಿದೆ. ಗಾರ್ಡು ಕೈ ಮುಗಿದು, “ಹಂಗಾರ ಚಲೋ ಆತ್ರಿ,” ಎಂದು ಹಳ್ಳದ ಕಡೆಗೆ ಹೋಗದೆ ರಸ್ತೆಯ ಕಡೆಯ ಬೆಂಕಿ ಬಡಿಯಲು ಹೋದ.

ಅಲ್ಲಿಂದ ಮುಂದಿನ ಹೊತ್ತು ಹೇಗೆ ಹೋಯಿತೆಂದು ಹೇಳಲಾರೆ. ನನ್ನ ಕೈಗಳು ಕೆಲಸ ಮಾಡಿದವು, ಎಷ್ಟೋ ಕೊಡ ನೀರು ಸೇದಿದೆ. ನಾಲ್ಕು ಸಲ ಪ್ರಿನ್ಸಿಪಾಲರ ಹತ್ತಿರ ಹೋಗಿ ನಾಲ್ಕು ಸಲವೂ ಬೇರೇನೋ ಕೇಳಿ ಬಂದೆ. ಒಮ್ಮೆ, ಬ್ಲ್ಯಾಕ್‌ಬೋರ್ಡು ಹೊರಗೆ ತರಬೇಕೇ ಎಂದು ಕೇಳಿದೆ. ಇನ್ನೊಮ್ಮೆ ಏನು ಕೇಳಿದೆನೋ ನೆನಪಿಲ್ಲ. ಹೊಗೆಗೆ ಕಣ್ಣುರಿದು ಎಲ್ಲರ ಕಣ್ಣಲ್ಲೂ ನೀರಿತ್ತು, ಅದು ನನಗೆ ಅನುಕೂಲವೇ ಆಯಿತು.

ನಾಲ್ಕೂವರೆಗೆ ಹುಲ್ಲು ಮಾರುವ ಒಬ್ಬ ಹೆಂಗಸು ಗುಡ್ಡದ ಬದಿಯಿಂದ ಏದುಸಿರು ಬಿಡುತ್ತಾ ಬಂದು ಬಾವಿಕಟ್ಟೆಯ ಮೇಲೆ ಕುಕ್ಕರಿಸಿದಳು. ಹೊರೆ ಎಸೆದು ಓಡಿಬಂದಿದ್ದಳು. ನೀರು ಕುಡಿದು, “ನಿಮ್ ಹುಡುಗ ಬಂದನೇನಪಾ?” ಎಂದು ಕೇಳಿದಳು. “ಬಿಳಿ ಅಂಗಿ ಹಾಕ್ಯಂಡಿದ್ದ. ಕೈಯಾಗ ಅರಿವಿ ಗಂಟಿತ್ತು. ಮಧ್ಯಾಹ್ನ ಮ್ಯಾಲಿನ ದಾರ್ಯಾಗ ಸಿಕ್ಕಿದ್ದ. ಹಾಜರಿಗೆ ತಡ ಆಕ್ಕತಿ ಅಂತ ಓಡಾಕ ಹತ್ತಿದ್ದ.”

ನನ್ನ ಕೈಯಿಂದ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ಓಡಿದೆ. ಪ್ರಿನ್ಸಿಪಾಲರ ಮುಂದೆ ನಿಂತು, ಅವನು ಗುಡ್ಡದ ಮೇಲಿದ್ದಾನೆ, ಹಾಜರಿ ಕೂಗಿದ್ದು ನಾನು ಎಂದೆ. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಪಕ್ಕದಲ್ಲಿದ್ದ ವಾರ್ಡನ್ನರಿಗೆ ಆಯಿತು. ಅವರ ಮುಖ ನಾನು ನೋಡುತ್ತಿದ್ದಂತೆಯೇ ಬಿಳಿಚಿಕೊಂಡಿತು.

ಗಾರ್ಡನ್ನು ಕರೆತರಲು ಇನ್ನಷ್ಟು ಹೊತ್ತು ಹಿಡಿಯಿತು. ಆತ ಯಾರನ್ನೂ ಬೈಯಲಿಲ್ಲ. ನನ್ನನ್ನು ಒಮ್ಮೆ ನೋಡಿ, “ಮೂರು ಗಂಟಿಗೆ ಹೇಳಿದ್ರ ನಡಕೋಂತ ಹೋಗಿ ಬರತಿದ್ದೆ,” ಎಂದಷ್ಟೇ ಹೇಳಿ, ತಲೆಯ ಮೇಲೊಂದು ಕೊಡ ನೀರು ಸುರಿಸಿಕೊಂಡು, ಒದ್ದೆ ಕಂಬಳಿ ಹೊದ್ದು ಹಳ್ಳಕ್ಕೆ ಇಳಿದ. ಹಳ್ಳದ ಎರಡೂ ದಂಡೆ ಆಗಲೇ ಉರಿಯುತ್ತಿದ್ದವು. ನಾನೂ ಬರುತ್ತೇನೆಂದು ಹೊರಟವನನ್ನು ಇಬ್ಬರು ರಟ್ಟೆ ಹಿಡಿದು ನಿಲ್ಲಿಸಿದರು. ಬಿಡಿಸಿಕೊಳ್ಳಲು ನಾನೂ ಹೆಚ್ಚು ಜಗ್ಗಾಡಲಿಲ್ಲ.

ಹೊತ್ತು ಮುಳುಗುವ ಮುಂಚೆ ಆತ ಇಳಿದುಬಂದ, ಹೆಗಲ ಮೇಲೆ ನನ್ನ ಗೆಳೆಯ. ಅವನು ಬಂಡೆಯ ಸಂದಿಯಲ್ಲಿ ಅಡಗಿ ಕುಳಿತಿದ್ದನಂತೆ, ಕಾಲ ಕೆಳಗೆ ಹುಲ್ಲು ಹತ್ತಿಕೊಂಡಾಗಲೂ ಸುತ್ತ ಬೆಂಕಿಯಿದ್ದುದರಿಂದ ಮೇಲೇಳಲು ಆಗಿರಲಿಲ್ಲವಂತೆ. ಅವನ ಎರಡೂ ಪಾದ ಸುಟ್ಟಿದ್ದವು. ಕಂಬಳಿಯನ್ನು ಅವನಿಗೆ ಹೊದಿಸಿ ತಂದಿದ್ದರಿಂದ ಗಾರ್ಡಿನ ಕೈಗಳು ಮೊಣಕೈವರೆಗೆ, ಮುಖದ ಒಂದು ಮಗ್ಗುಲು ಬೆಂದಿದ್ದವು. ಇಬ್ಬರನ್ನೂ ಹುಲ್ಲು ಹಾಸಿದ ಗಾಡಿಯಲ್ಲಿ ಮಲಗಿಸಿ ಹೊಸಪೇಟೆಯ ಆಸ್ಪತ್ರೆಗೆ ಕಳಿಸಿದರು.

ಹಾಸ್ಟೆಲು ಉಳಿಯಿತು. ಬೆಂಕಿ ನಾವು ಕೆರೆದ ಜಾಗದ ತನಕ ಬಂದು, ತಿನ್ನಲು ಏನೂ ಸಿಗದೆ ಅಲ್ಲೇ ಆರಿತು. ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರು ರಿಜಿಸ್ಟರು ತರಿಸಿದರು. ನಾನು ಕೈ ಕಟ್ಟಿ ನಿಂತಿದ್ದೆ. ಅವರು ಗೆಳೆಯನ ನಂಬರಿನ ಮುಂದಿದ್ದ ಗೀಟು ಹೊಡೆದುಹಾಕಿ, ‘ರಜೆ ಕೊಡಲಾಗಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡಿದರು. “ಶಿಶುವನ್ನು ನೋಡಲು ಹೋದವನಿಗೆ ನಾವು ರಜೆ ಕೊಡಬೇಕಾಗಿತ್ತು,” ಎಂದರು. ವಾರ್ಡನ್ನರು ತಲೆ ತಗ್ಗಿಸಿದರು. ಮೂರು ಗಂಟೆಗೇ ಬಾಯಿ ಬಿಟ್ಟಿದ್ದರೂ ಅವನಿಗೆ ಇಷ್ಟೇ ಆಗುತ್ತಿತ್ತಲ್ಲ ಎಂದುಕೊಂಡೆ. ನನಗೂ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ. ಮೂರು ದಿನ ಹೋಗದಿರಲು ದಿನಕ್ಕೊಂದು ನೆಪ ಹುಡುಕಿದ್ದೆ. ಸಣ್ಣ ಕೋಣೆ, ಅಕ್ಕಪಕ್ಕ ಎರಡು ಮಂಚ. ಒಂದರಲ್ಲಿ ಗೆಳೆಯ, ಕಾಲುಗಳ ಮೇಲೆ ಬಟ್ಟೆ ತಾಗದಂತೆ ಬಿದಿರಿನ ಬುಟ್ಟಿ ಮುಚ್ಚಿದ್ದರು. ಇನ್ನೊಂದರಲ್ಲಿ ಗಾರ್ಡು, ಎರಡೂ ಕೈಗೆ ಪಟ್ಟಿ. ಆತನ ಹೆಂಡತಿ ಚಮಚದಿಂದ ಗಂಜಿ ಕುಡಿಸುತ್ತಿದ್ದಳು.

ಗೆಳೆಯನ ಮುಖ ನನ್ನನ್ನು ನೋಡಿ ಅರಳಿತು. ಬಲಗಾಲಿನ ಬೆರಳು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನು ತಾನೇ ಹೇಳಿದ. ಮಗುವಿಗೆ ತಲೆ ತುಂಬ ಕೂದಲಿದೆ ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡ.

“ನೀ ಹೇಳಿದ್ದಕ್ಕ ನಾ ಉಳದೆ ಅಂತ ಎಲ್ಲಾರೂ ಅಂತಾರ. ಯಾವಾಗ ಹೇಳ್ದಿ?”

“ಹೊಗಿ ಜೋರಾದ ಕೂಡ್ಲೆ ಹೇಳ್ದೆ,” ಎಂದೆ.

ಚಮಚದ ಸದ್ದು ನಿಂತಿತು. ಗಾರ್ಡಿನ ಹೆಂಡತಿ ಗಂಡನ ಮುಖ ನೋಡಿದಳು. ಆಕೆಗೆ ಎಲ್ಲ ಗೊತ್ತಿತ್ತು ಎಂದು ಆ ನೋಟದಲ್ಲೇ ತಿಳಿಯಿತು. ಗಾರ್ಡು ನನ್ನ ಕಡೆ ತಿರುಗಿದ. ಬೇಯದೆ ಉಳಿದಿದ್ದ ಒಂದೇ ಕಣ್ಣಿನಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿದ.

“ಹೌದಪಾ, ಜಲ್ದಿನ ಹೇಳಿದ್ರು,” ಎಂದ ಆತ. “ನಮ್ ಕಡಿಯಿಂದ ತಡ ಆತು.”

ಗೆಳೆಯ ನನ್ನ ಕೈ ಬಿಡಲಿಲ್ಲ. ಬುಟ್ಟಿಯ ಕೆಳಗಿನ ತನ್ನ ಕಾಲನ್ನು ನೋಡಿಕೊಂಡ. ಅವನು ಸಿಟ್ಟಾದದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

“ಯಾಕ್ರಿ ತಡ ಮಾಡಿದ್ರಿ?” ಎಂದು ಗಾರ್ಡನ್ನು ಕೇಳಿದ. “ಗೊತ್ತಾದ ಮ್ಯಾಲೂ ಯಾಕ್ರಿ ತಡ ಮಾಡಿದ್ರಿ?”

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಗಾರ್ಡು ಪಟ್ಟಿ ಸುತ್ತಿದ ಎರಡೂ ಕೈಗಳನ್ನು ಕಷ್ಟಪಟ್ಟು ಮೇಲೆತ್ತಿ ಜೋಡಿಸಿ, “ತಪ್ಪಾತಪಾ,” ಎಂದ.