ಹುಮನಾಬಾದದಾಕಿ ಅಳಲಿಲ್ಲ

ನಮ್ಮಪ್ಪ ತೀರಿಕೊಂಡಾಗ ನನಗೆ ಹತ್ತು ವರ್ಷ. ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ಬಸವಕಲ್ಯಾಣಕ್ಕೆ ಆಗ ಬರೀ ಕಲ್ಯಾಣ ಎನ್ನುತ್ತಿದ್ದರು, ಆಳುತ್ತಿದ್ದವರು ನಿಜಾಮರು. ಪೇಟೆಯಲ್ಲಿ ಅಪ್ಪನದೊಂದು ಸಣ್ಣ ಕಿರಾಣಿ ಅಂಗಡಿ. ಮೂರು ದಿನ ಜ್ವರ ಬಂತು, ನಾಲ್ಕನೆಯ ದಿನ ಬೆಳಿಗ್ಗೆ ಹೋಗಿಬಿಟ್ಟ. ಬದುಕಿದ್ದಾಗಲೂ ಆತ ಯಾರಿಗೂ ಹೆಚ್ಚು ತೊಂದರೆ ಕೊಟ್ಟವನಲ್ಲ. ಊರಿಗೆ ತೊಂದರೆ ಶುರುವಾದದ್ದು ಆಮೇಲೆ, ನಮ್ಮವ್ವನಿಂದ. ಅವ್ವ ಅಳಲಿಲ್ಲ.

ನಮ್ಮ ಕಡೆ ಸಾವಿನ ಮನೆಯಲ್ಲಿ ಅಳುವುದೆಂದರೆ ಕಣ್ಣೀರು ಹಾಕುವುದಲ್ಲ. ಕಣ್ಣೀರನ್ನು ಯಾರು ಬೇಕಾದರೂ ಹಾಕಿಯಾರು. ಹಾಡಿಕೊಂಡು ಅಳಬೇಕು. ಬೇರೆ ಊರಿನಿಂದ ಒಬ್ಬಾಕೆ ಬಂದಳೆಂದರೆ ಮನೆಯಾಕೆ ಅವಳ ಕೊರಳಿಗೆ ಬಿದ್ದು, ಸತ್ತವನ ಗುಣಗಳನ್ನು ರಾಗವಾಗಿ ಎತ್ತಿ, ಸಾಲು ಸಾಲಿಗೂ ಅವನನ್ನು ಕೂಗಿ ಕರೆಯಬೇಕು. ಬಂದಾಕೆ ಮುಂದಿನ ಸಾಲು ಹಿಡಿಯಬೇಕು. ಅವರು ಸಮಾಧಾನವಾಗಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬಾಕೆ ಬಂದರೆ ಮತ್ತೆ ಮೊದಲಿನಿಂದ. ಇದಕ್ಕೆ ‘ಮಾತಾಡಿಸಾಕ ಬರೋದು’ ಎಂದು ಹೆಸರು. ಆ ಗದ್ದಲದಲ್ಲಿ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಕೂತು ಯಾರು ಹೇಗೆ ಅತ್ತರು, ಯಾರದು ಬರೀ ಬಾಯಿ, ಯಾರದು ಕರುಳಿನಿಂದ ಬಂದದ್ದು ಎಂದು ತೂಗಿ ನೋಡುವವರೂ ಇದ್ದರು. ಮದುವೆ ಮನೆಯಲ್ಲಿ ಹೋಳಿಗೆಯ ರುಚಿ ಹೇಳುತ್ತಿದ್ದವರೂ ಅವರೇ.

ಸೂತಕವೇ ಇಲ್ಲವೆಂದು ಹಿಂದಿನ ಶರಣರು ಹೇಳಿಹೋದ ಊರು ನಮ್ಮದು. ಆ ಮಾತನ್ನು ನಮ್ಮ ಜನ ಬಹಳ ಅಭಿಮಾನದಿಂದ ಹೇಳುತ್ತಿದ್ದರು. ಹೇಳಿ ಮುಗಿಸಿ, ನಮ್ಮ ಮನೆಯ ನೀರೂ ಮುಟ್ಟದೆ ಎದ್ದು ಹೋಗಿ ಸ್ನಾನ ಮಾಡುತ್ತಿದ್ದರು.

ಅವ್ವ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಯಾರಾದರೂ ಬಂದು ಕೊರಳಿಗೆ ಬಿದ್ದರೆ ಅವರ ಬೆನ್ನು ಸವರಿ, ಆತು, ಸುಮ್ಮನಿರ್ರಿ ಎನ್ನುತ್ತಿದ್ದಳು. ದೂರದಿಂದ ಬಂದವರನ್ನು ಊಟ ಆಯಿತೇ ಎಂದು ಕೇಳುತ್ತಿದ್ದಳು. ಸಮಾಧಾನ ಹೇಳಲು ಬಂದವರು ಸಮಾಧಾನ ಹೇಳಿಸಿಕೊಂಡು ವಾಪಸು ಹೋಗಬೇಕಾಯಿತು. ಇದು ಅವರಿಗೆ ದೊಡ್ಡ ಅವಮಾನವಾಗಿ ಕಂಡಿತು. ಅವ್ವನ ತವರು ಹುಮನಾಬಾದ. ಹೀಗಾಗಿ ಕಾರಣ ಹುಡುಕಲು ಯಾರೂ ಕಷ್ಟಪಡಬೇಕಾಗಲಿಲ್ಲ. ಬಾಜಾರದ ಊರಿನವರು, ಅವರ ಎದೆಯೇ ಒಣಗಿರುತ್ತದೆ ಎಂದು ಎರಡನೆಯ ದಿನವೇ ಕಟ್ಟೆಯ ಮೇಲೆ ತೀರ್ಮಾನವಾಯಿತು.

ತವರಿನವರಾದರೂ ಬಂದು ಒಂದಿಷ್ಟು ಅತ್ತು ಮರ್ಯಾದೆ ಉಳಿಸಬೇಕಿತ್ತು. ಅವರಿಗೆ ಕಾಗದ ಬರೆದವನು ಕಚೇರಿಯ ಮುಂದೆ ಕೂತು ಉರ್ದುವಿನಲ್ಲಿ ಅರ್ಜಿ ಬರೆಯುವವನು. ಅವನಿಗೆ ಗೊತ್ತಿದ್ದ ಬರವಣಿಗೆ ಅದೊಂದೇ. ನನ್ನ ಸೋದರಮಾವನನ್ನು ಹುಜೂರ್ ಎಂದು ಕರೆದು, ತಮ್ಮ ಪಾದಕ್ಕೆ ಅರಿಕೆ ಏನೆಂದರೆ ಎಂದು ಶುರು ಮಾಡಿ, ಸಾವಿನ ಸುದ್ದಿಯನ್ನು ಕೆಳಗೆಲ್ಲೋ ಸೇರಿಸಿ, ಪರಿಶೀಲಿಸಿ ಯೋಗ್ಯ ಹುಕುಂ ಆಗಬೇಕೆಂದು ಮುಗಿಸಿದ್ದ. ಮೊದಲ ಎರಡು ಸಾಲು ಓದಿಸಿ ಕೇಳಿದ ಮಾವ, ಇದು ಯಾವುದೋ ಹೊಲದ ತಕರಾರು ಎಂದುಕೊಂಡು ಕಾಗದ ಹಿಡಿದು ವಕೀಲರ ಮನೆಗೆ ಹೋದನಂತೆ. ಕಲ್ಯಾಣಕ್ಕೆ ಬಂದು ಮುಟ್ಟುವಾಗ ನಾಲ್ಕನೆಯ ದಿನ. ತಂಗಿಯ ಮುಂದೆ ಕೂತ, ಅವಳ ತಲೆಯ ಮೇಲೆ ಕೈ ಇಟ್ಟ, ಹನ್ನೊಂದನೆಯ ದಿನಕ್ಕೆ ಬರುತ್ತೇನೆಂದು ಹೇಳಿ ಎದ್ದ. ಅವನೂ ಅಳಲಿಲ್ಲ. ಹುಮನಾಬಾದದ ಬಗ್ಗೆ ಊರಿಗಿದ್ದ ಅಭಿಪ್ರಾಯ ಗಟ್ಟಿಯಾಯಿತು.

ಹಾಡಿಕೊಂಡು ಅಳುವ ವಿದ್ಯೆಯಲ್ಲಿ ಸುತ್ತಲ ಹತ್ತೂರಿಗೆ ಹೆಸರಾದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಆಕೆಯನ್ನು ಮುಡಬಿಗೆ ಕೊಟ್ಟಿದ್ದರು. ಸಂಬಂಧವಿಲ್ಲದವರ ಮನೆಯವರೂ ಆಕೆಯನ್ನು ಕರೆಸಿಕೊಳ್ಳುತ್ತಿದ್ದರು. ಅಪ್ಪನನ್ನು ಹೂಳುವ ದಿನ ಮಣ್ಣಿಗೆ ಬಂದಾಗ, ಗಾಡಿಯಿಂದ ಇಳಿಯುವವರೆಗೆ ಗಾಡಿಯವನ ಜತೆ ಜೋಳದ ಬೆಳೆಯ ಬಗ್ಗೆ ಮಾತಾಡುತ್ತಿದ್ದವಳು, ಓಣಿಯ ತಿರುವಿಗೆ ಕಾಲಿಟ್ಟ ಕೂಡಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎತ್ತಿದಳು:

“ಕುದುರಿ ಏರಿ ಬರ್ತಿದ್ದೆಲ್ಲೋ ನನ್ನ ತಮ್ಮಾ, ಊರಿಗೂರೇ ಎದ್ದು ನಿಂದರ್ತಿತ್ತಲ್ಲೋ ನನ್ನ ತಮ್ಮಾ...”

ನಾನು ಬೆರಗಾದೆ. ಅಪ್ಪ ಕುದುರೆ ಏರಿದ್ದನ್ನು ನಾನು ಕಂಡಿರಲಿಲ್ಲ. ಅವನು ಬಂದರೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಯಾರು ಬಂದರೂ ಎದ್ದು ನಿಲ್ಲುತ್ತಿದ್ದವನು ಅವನೇ. ಆದರೆ ಅತ್ತೆಯ ಕೊರಳಿನಲ್ಲಿ ಕೇಳುವಾಗ ಎಲ್ಲ ಖರೆ ಅನ್ನಿಸಿತು. ಇಂಥ ಅಪ್ಪ ನನಗಿದ್ದ ಎಂದು ಗೊತ್ತಾಗಿ ಹಿಗ್ಗಿದೆ, ಇಂಥವನು ಹೋದನಲ್ಲ ಎಂದು ಬಾಯಿ ಬಿಟ್ಟು ಕೂಗಿದೆ.

ಎರಡೇ ದಿನದಲ್ಲಿ ನಾನೂ ಕಲಿತೆ. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಕೊರಳು ಒಡೆಯಬೇಕು, ಎದೆಗೆ ಕೈ ಯಾವಾಗ ಬರಬೇಕು, ಎಲ್ಲ. ತಮ್ಮಾ ಎಂಬಲ್ಲಿ ಅಪ್ಪಾ ಎಂದು ಹಾಕಿಕೊಂಡರೆ ಮುಗಿಯಿತು. ಮಗಳೆಂದರೆ ಹಿಂಗಿರಬೇಕು ಎಂದರು ಬಂದವರು. ಚಿಟಗುಪ್ಪದ ಒಬ್ಬ ಮುದುಕಿ ನನ್ನ ಕೈಯಲ್ಲಿ ಬೆಲ್ಲದ ಚೂರು ಇಟ್ಟಳು. ಹೇಳಲು ನಾಚಿಕೆಯಾಗುತ್ತದೆ, ಆ ಹನ್ನೊಂದು ದಿನಗಳಲ್ಲಿ ನನಗೆ ಸಿಕ್ಕಷ್ಟು ಹೊಗಳಿಕೆ ಮುಂದೆ ಜೀವಮಾನದಲ್ಲಿ ಸಿಗಲಿಲ್ಲ. ಗಾಡಿಯ ಸಪ್ಪಳ ಕೇಳಿದರೆ ಸಾಕು, ಜಡೆ ಬಿಚ್ಚಿಕೊಂಡು ತಯಾರಾಗುತ್ತಿದ್ದೆ.

ಐದನೆಯ ದಿನ ಮನೆ ತುಂಬ ಮಂದಿ ಇದ್ದಾಗ ಅತ್ತೆ ಪಡಸಾಲೆಯ ನಡುವೆ ನಿಂತಳು. ಅಲ್ಲಿ ನಮ್ಮ ಮನೆತನದ ಹಿರಿಯ, ಅಪ್ಪನ ದೊಡ್ಡಪ್ಪ ಕೂತಿದ್ದ. ನಮಗೆಲ್ಲ ಅವನು ಮುತ್ತ್ಯಾ.

“ಗಂಡಗ ಅಳದಾಕಿ ಮಗಳಿಗೆ ಏನ್ ಮರಗ್ತಾಳ್ರಿ?” ಎಂದಳು ಅತ್ತೆ. “ಹನ್ನೊಂದರ ಒಳಗ ಆಕಿ ಅತ್ತರ ಪೋರಿ ಆಕೀ ಹಂತೇಲಿ ಇರ್ಲಿ. ಇಲ್ಲಂದ್ರ ನನ್ನ ಸಂಗಾಟ ಮುಡಬಿಗೆ ಬರ್ಲಿ. ನನ್ನ ಮಗಗ ತಂದ್ಕೋತೀನಿ.”

ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದಲ್ಲ. ಆದರೆ ಆ ಮಗನಿಗೆ ಆಗಲೇ ಇಪ್ಪತ್ತೆರಡು, ಕಟ್ಟಿಕೊಂಡ ಒಬ್ಬಾಕೆ ಅವನ ತಾಯಿಯ ಕಾಟ ತಾಳದೆ ತವರು ಸೇರಿ ಎರಡು ವರ್ಷವಾಗಿತ್ತು. ಮುತ್ತ್ಯಾ ಗಂಭೀರವಾಗಿ ತಲೆಯಾಡಿಸಿದ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಯಾರೋ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಇನ್ನೊಮ್ಮೆ ಕೂಗಿದರು, ಆಗಲೂ ತಲೆಯಾಡಿಸಿದ. ಅವ್ವ ಸರಿಯಾಗಿ ಅತ್ತಳೋ ಇಲ್ಲವೋ ಎಂದು ನೋಡಿ ಹೇಳುವ ಹೊಣೆ ಅವನ ಮೇಲೆ ಬಿತ್ತು.

ಅವ್ವನನ್ನು ಬಿಟ್ಟು ನಾನು ಒಂದು ದಿನವೂ ಇದ್ದವಳಲ್ಲ. ಭಯದ ಜತೆಗೆ ಅವಳ ಮೇಲೆ ಕೆಟ್ಟ ಸಿಟ್ಟೂ ಬಂತು. ಇಷ್ಟು ಸಣ್ಣ ಕೆಲಸ, ಹತ್ತು ವರ್ಷದ ನನಗೆ ಬರುವುದು ಇವಳಿಗೇಕೆ ಬರುವುದಿಲ್ಲ? ಅಪ್ಪ ಇವಳಿಗೆ ಬೇಡವಾಗಿದ್ದನೇನೋ ಎಂದು ಕೂಡ ಅಂದುಕೊಂಡೆ. ಕಣ್ಣಿಗೆ ನೀರು ಬರಲಿ ಎಂದು ಉಳ್ಳಾಗಡ್ಡಿಯನ್ನು ಜಜ್ಜಿ ಅವಳ ಸೆರಗಿನ ಚುಂಗಿನಲ್ಲಿ ಕಟ್ಟಿದೆ. ಅವಳು ಅದನ್ನು ಬಿಚ್ಚಿ ತೆಗೆದು, ಬೀಗರು ತಂದಿದ್ದ ಬುತ್ತಿಯ ರೊಟ್ಟಿಯ ಜತೆ ನನಗೇ ತಿನ್ನಲು ಕೊಟ್ಟಳು.

ಒಂಬತ್ತನೆಯ ದಿನ ಊಟದ ಹೊತ್ತಿಗೆ ನಾನು ಅವಳನ್ನು ಒಳಮನೆಗೆ ಎಳೆದುಕೊಂಡು ಹೋಗಿ ಕೂರಿಸಿದೆ. ಕಲಿಸುತ್ತೇನೆ, ಕಲಿ ಎಂದೆ. ಅವಳು ಬೇಡವೆನ್ನಲಿಲ್ಲ. ಮಗ್ಗಿ ಕಲಿಯುವವರ ಹಾಗೆ ನನ್ನ ಮುಂದೆ ಕಾಲು ಮಡಚಿ ಕೂತಳು. ಅವಳಿಗೂ ಅಷ್ಟೇ ಭಯವಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ. ನಾನು ಕುದುರಿ ಏರಿ ಎಂದೆ. ಅವಳು ಲೆಕ್ಕ ಒಪ್ಪಿಸುವ ದನಿಯಲ್ಲಿ ಕುದುರಿ ಏರಿ ಎಂದಳು. ಹಾಗಲ್ಲ, ರಾಗ ಎಳಿ ಎಂದೆ. ಎಳೆದಳು, ಅದು ಬೀಸುವ ಹಾಡಾಯಿತು. ಎದೆಗೆ ಕೈ ಹಾಕು ಎಂದರೆ ತಲೆಗೆ ಹಾಕಿಕೊಂಡಳು. ಮೂರನೆಯ ಸಲಕ್ಕೆ ಕುದುರಿ ಎಂಬಲ್ಲೇ ನಿಂತುಬಿಟ್ಟಳು.

“ನಿಮ್ಮಪ್ಪ ಟಾಂಗಾದ ಕುದುರಿಗೇ ಅಂಜ್ತಿದ್ದ,” ಎಂದಳು. “ಮದಿವ್ಯಾದ ವರ್ಷ ಹುಮನಾಬಾದದಾಗ ಟಾಂಗಾದಾಗ ಕುಂತೀವಿ. ಕುದುರಿ ಸೀನ್ತು. ಇಂವ ಕೆಳಗ ಜಿಗದು ಮನೀ ತನಕಾ ನಡಕೋಂತ ಬಂದ. ನಾ ಒಬ್ಬಾಕೀನೇ ಮೆರವಣಿಗಿ ಹೋದಂಗ ಹೋದೆ.”

ನನಗೆ ನಗು ತಡೆಯಲಾಗಲಿಲ್ಲ. ಅವ್ವನಿಗೂ ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ಇಬ್ಬರಿಗೂ ಗೊತ್ತಿತ್ತು, ಅದರಿಂದಲೇ ಅದು ಇನ್ನಷ್ಟು ಒತ್ತಿಕೊಂಡು ಬಂತು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಹೆಗಲು ಕುಣಿಯುತ್ತಿತ್ತು, ಕಣ್ಣಿನಿಂದ ನೀರು ಸುರಿಯುತ್ತಿತ್ತು, ಗಂಟಲಿನಲ್ಲಿ ಎಂಥದೋ ಸಪ್ಪಳ. ನಾನು ಅವಳ ತೊಡೆಯಲ್ಲಿ ಮುಖ ಮುಚ್ಚಿಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದು ನಿಂತಂತಾಯಿತು. ನೋಡಿದರೆ ಅತ್ತೆ, ಆಕೆಯ ಹಿಂದೆ ಕೊಹಿನೂರು ಹಳ್ಳಿಯಿಂದ ಆಗತಾನೆ ಬಂದಿದ್ದ ನಾಲ್ಕು ಮಂದಿ ಹೆಂಗಸರು.

ಮುಗಿಯಿತು, ಇನ್ನು ಮುಡಬಿಯೇ ಗತಿ ಎಂದುಕೊಂಡೆ. ಆದರೆ ಅತ್ತೆ ಎರಡೂ ಕೈ ಎತ್ತಿ ದೇವರಿಗೆ ಮುಗಿದಳು.

“ಅಳಾಕತ್ತಾಳ,” ಎಂದಳು. “ಯಾರೂ ತಡೀಬ್ಯಾಡ್ರಿ. ಅಳ್ಲಿ.”

ತಡೆಯಬೇಡಿ ಎಂದವಳೇ ಮೊದಲು ಬಂದು ಅವ್ವನ ಮೇಲೆ ಬಿದ್ದಳು. ಕೊಹಿನೂರಿನವರೂ ಬಿದ್ದರು. ಐದು ಮಂದಿಯೂ ಒಟ್ಟಿಗೆ ಕುದುರೆಯ ಸಾಲು ಎತ್ತಿದಾಗ ನಡುವೆ ಸಿಕ್ಕಿಕೊಂಡಿದ್ದ ಅವ್ವನ ಮೈಯೆಲ್ಲ ಅಲುಗಿತು. ಹೆಗಲು ಕುಣಿದಷ್ಟೂ ಅವರ ದನಿ ಏರಿತು. ಯಾರೋ ಓಡಿ ಹೋಗಿ ಮುತ್ತ್ಯಾನನ್ನು ಕೈಹಿಡಿದು ಕರೆತಂದರು. ಅವನು ಹೊಸ್ತಿಲಲ್ಲಿ ನಿಂತು, ಕೇಳದ ಕಿವಿಯ ಹಿಂದೆ ಕೈ ಇಟ್ಟುಕೊಂಡು, ಅವ್ವನ ಹೆಗಲನ್ನೇ ಬಹಳ ಹೊತ್ತು ನೋಡಿದ. ಇಂಥ ಅಳುವನ್ನು ತನ್ನ ಎಪ್ಪತ್ತು ವರ್ಷದಲ್ಲಿ ಕಂಡಿಲ್ಲ, ಹುಡುಗಿ ತಾಯಿಯ ಹತ್ತಿರ ಇರಲಿ ಎಂದು ಹೇಳಿ ಊಟಕ್ಕೆ ಹೋದ.

ಅತ್ತೆ ತಾನೇ ನಾಲ್ಕು ಮಂದಿಯ ಮುಂದೆ ಹಾಕಿದ ಷರತ್ತು. ಹಿಂದೆ ತೆಗೆಯುವ ಹಾಗಿರಲಿಲ್ಲ. ಅರ್ಧ ದಿನ ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ ಆ ಕಲ್ಲೆದೆಯನ್ನು ಕರಗಿಸಿದವಳು ತಾನೇ ಎಂದು ಬಂದವರಿಗೆಲ್ಲ ಹೇಳತೊಡಗಿದಳು. ಮುಡಬಿಯಲ್ಲಿ ಈ ಕಥೆಯನ್ನು ಆಕೆ ನಿಜಾಮರು ಹೋಗಿ ಇಂಡಿಯಾ ಸರಕಾರ ಬರುವವರೆಗೂ ಹೇಳಿದಳು ಎಂದು ಕೇಳಿದ್ದೇನೆ. ಕಟ್ಟೆಯ ಮೇಲಿನವರೂ ತಿದ್ದಿಕೊಂಡರು. ಹುಮನಾಬಾದದವರು ತಡವಾಗಿ ಅಳುತ್ತಾರೆ, ಆದರೆ ಅತ್ತರೆ ಅತ್ತಂತೆಯೇ ಎಂದಾಯಿತು.

ಹನ್ನೊಂದನೆಯ ದಿನ ಮುಗಿಯಿತು. ಉಂಡವರು ಉಂಡು ಹೋದರು, ಸೋದರಮಾವ ಬಂದು ಹೋದ, ಅತ್ತೆಯ ಗಾಡಿಯೂ ಹೋಯಿತು. ಮರುದಿನ ಮಧ್ಯಾಹ್ನ ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಓಣಿಯಲ್ಲಿ ಯಾವುದೋ ಗಾಡಿಯ ಸಪ್ಪಳವಾಯಿತು. ನಾನು ರೂಢಿಯಂತೆ ಎದ್ದು, ಜಡೆ ಬಿಚ್ಚಿ, ಕುದುರೆಯ ಸಾಲು ಶುರು ಮಾಡಿದೆ. ಗಾಡಿ ನಿಲ್ಲದೆ ಮುಂದೆ ಹೋಯಿತು. ಅವ್ವ ಮೊರ ಕೆಳಗಿಟ್ಟು ನನ್ನನ್ನು ಹತ್ತಿರ ಕರೆದಳು.

“ಸಾಕು. ಈಗ ಯಾರೂ ಇಲ್ಲ,” ಎಂದಳು. “ಹನ್ನೊಂದು ದಿನ ಎಲ್ಲಾರೂ ನನ್ನ ಕಣ್ಣೇ ನೋಡಿದ್ರು. ನೀ ಒಂದ್ ಸಲಾನೂ ಅತ್ತಿಲ್ಲ, ಅದು ಯಾರಿಗೂ ಕಾಣಲಿಲ್ಲ.”

ಎಲ್ಲರಿಗಿಂತ ಹೆಚ್ಚು ಅತ್ತವಳು ನಾನೇ ಎಂದು ಜಗಳಕ್ಕೆ ನಿಂತೆ.

“ಅದು ನಿಮ್ಮತ್ತೀದು. ನಿನ್ನದು ಎಲ್ಲ್ಯದ?”

ಸೋತವರು ಕೇಳುವ ಹಾಗೆ, ನೀ ಯಾಕೆ ಅಳಲಿಲ್ಲ ಎಂದು ತಿರುಗಿ ಕೇಳಿದೆ.

“ಮಣ್ಣಿಗೆ ಬಂದ ದಿನಾನೇ ನಿಮ್ಮತ್ತಿ ನಿನ್ನ ನಿಂದ್ರಿಸಿ, ಹೆಣ್ಣ ನೋಡಿದಂಗ ಎತ್ತರ ನೋಡಿದ್ಲು,” ಎಂದಳು ಅವ್ವ. “ಅವತ್ತಿಂದ ನನಗ ಅಂಜಿಕಿ ಹತ್ತಿತ್ತು. ಅಂಜಿದಾಗ ನನಗ ಅಳು ಬರಂಗಿಲ್ಲ.”

ಆಗ ನನಗೆ ಅಪ್ಪ ನೆನಪಾದ. ಕುದುರೆ ಏರಿದವನಲ್ಲ, ಯಾರು ಬಂದರೂ ಎದ್ದು ನಿಲ್ಲುತ್ತಿದ್ದವನು, ಅಂಗಡಿಯಿಂದ ಬರುವಾಗ ಬೆರಳಿಗೆ ಹತ್ತಿದ ಬೆಲ್ಲವನ್ನು ನನ್ನ ತುಟಿಗೆ ಒರೆಸುತ್ತಿದ್ದವನು. ಅವನು ಇನ್ನು ಬರುವುದಿಲ್ಲ ಎಂಬುದು ಹನ್ನೆರಡನೆಯ ದಿನ ನನಗೆ ತಿಳಿಯಿತು. ರಾಗ ಬರಲಿಲ್ಲ, ಸಾಲು ಬರಲಿಲ್ಲ. ಮೂಗಿನಲ್ಲಿ ನೀರು ಸುರಿಸಿಕೊಂಡು, ಉಸಿರು ಕಟ್ಟಿಕೊಂಡು, ಬಹಳ ಕೆಟ್ಟದಾಗಿ ಅತ್ತುಬಿಟ್ಟೆ. ಅವ್ವ ನನ್ನ ಬೆನ್ನು ಸವರಲಿಲ್ಲ, ಸುಮ್ಮನಿರು ಎನ್ನಲಿಲ್ಲ. ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ಬಾಗಿಲು ಬಡಿದ ಸಪ್ಪಳವಾಯಿತು. ಪಕ್ಕದ ಮನೆಯಾಕೆ, ಮೊನ್ನೆಯವರೆಗೆ ಅವ್ವ ಅಳುವುದಿಲ್ಲವೆಂದು ಕಟ್ಟೆಯ ಮೇಲೆ ಮರುಗಿದವಳು.

“ಹನ್ನೊಂದ್ ದಿನಾ ಮುಗೀತಲ್ಲವಾ. ಇನ್ನ ಅತ್ತರ ಮನಿಗೆ ಛಲೋ ಅಲ್ಲ,” ಎಂದಳು.

“ಹೌದ್ರಿ,” ಎಂದಳು ಅವ್ವ, ಬಹಳ ವಿನಯದಿಂದ. ಆಮೇಲೆ ಕದ ಮುಂದೆ ಮಾಡಿ, ಅಗಳಿ ಹಾಕಿ, ನನ್ನ ಪಕ್ಕಕ್ಕೆ ಬಂದು ಕೂತು ಬಾಯಿ ತೆರೆದು ಅತ್ತಳು.