ಆರನೆಯ ತಾಟು ಇರುವ ಊರು

ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಒಂದೇ ಅಳತೆಯ ಐದು ಸ್ಟೀಲ್ ತಾಟುಗಳು ನಿಂತಿವೆ. ಅವುಗಳ ಪಕ್ಕದಲ್ಲಿ ಇನ್ನೊಂದು ತಾಟು ನಿಲ್ಲುವಷ್ಟು ಜಾಗ ಖಾಲಿ ಇದೆ. ಮನೆಯಲ್ಲಿ ಉಣ್ಣುವವರು ಈಗ ಐದೇ ಮಂದಿ, ಆದ್ದರಿಂದ ಯಾರ ಊಟವೂ ನಿಂತಿಲ್ಲ. ಆದರೂ ಮೊನ್ನೆ ಬೀರೇಶ ರೊಟ್ಟಿ ಮುರಿಯುತ್ತ ಮುರಿಯುತ್ತ, "ಆಯಿ, ಅಜ್ಜ ಹೋಗೂವಾಗ ತನ್ನ ತಾಟ ತಗೊಂಡ ಹೋದನೇನ?" ಎಂದು ಕೇಳಿದ. ಪಲ್ಲವಿ ತಮ್ಮನ ತಲೆಗೆ ಮೊಟಕಿ, "ಖೋಡಿ, ಅದು ಇಟಲಿಯಾಗ ಐತಿ" ಎಂದಳು. ಮೊಮ್ಮಕ್ಕಳೇ, ನೀವಿಬ್ಬರೂ ನನ್ನ ಮುಖ ನೋಡಿದಿರಿ. ನಾನು ಎಂದಿನಂತೆ ಸಾರು ತರುವ ನೆವ ಮಾಡಿ ಎದ್ದುಹೋದೆ.

ಬಾಯಿಬಿಟ್ಟು ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಹುನಗುಂದದ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ಹಾಜರಿ ಹೇಳಲು ನಾಚಿ ಎಷ್ಟೋ ದಿನ ಕೂತಲ್ಲೇ ಗೈರುಹಾಜರಾಗಿದ್ದೇನೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದಕ್ಕೇ ಪಲ್ಲವಿಯ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ಹಿಡಿದು ಕುಳಿತಿದ್ದೇನೆ. ಓದುತ್ತ ಹೋಗಿರಿ, ನಡುವೆ ದಾರಿ ತಪ್ಪಿದರೆ ನನ್ನ ಸೆರಗು ಹಿಡಿದುಕೊಳ್ಳಿರಿ.

ಆ ತಾಟುಗಳು ನನ್ನ ಮದುವೆಯಲ್ಲಿ ಅವ್ವ ಕೊಟ್ಟವು. ಇಳಕಲ್ ಪೇಟೆಯ ಭಾಂಡೆ ಅಂಗಡಿಯಲ್ಲಿ ಆರಕ್ಕೂ ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಗಂಗವ್ವ’ ಎಂದು ಹೆಸರು ಹಾಕಿಸಿದ್ದಳು. ಹೆಸರು ಹಾಕಿಸುವುದು ಮೆರೆಯುವುದಕ್ಕಲ್ಲ. ನಮ್ಮಲ್ಲಿ ತಾಟುಗಳು ಮನೆಯಲ್ಲಿ ಕೂಡುವುದಕ್ಕಿಂತ ಓಣಿಯಲ್ಲಿ ತಿರುಗುವುದೇ ಹೆಚ್ಚು. ಅದರಲ್ಲೂ ಶ್ರಾವಣದ ರೊಟ್ಟಿ ಪಂಚಮಿಯ ದಿನ, ಎಳ್ಳು ಹಚ್ಚಿದ ರೊಟ್ಟಿ, ಸಜ್ಜಿ ರೊಟ್ಟಿ, ಪಲ್ಯ, ಚಟ್ನಿ ತುಂಬಿಕೊಂಡು ಮನೆಯಿಂದ ಮನೆಗೆ ಹೋಗುತ್ತವೆ. ಆ ಮನೆಯವರು ತಮ್ಮ ರೊಟ್ಟಿ ತುಂಬಿ ತಿರುಗಿ ಕಳಿಸುತ್ತಾರೆ. ಖಾಲಿ ತಾಟು ತಿರುಗಿ ಕೊಡುವ ಪದ್ಧತಿ ಇಲ್ಲ. ಯಾರ ತಾಟು ಯಾರಿಗೆ ಸೇರಬೇಕು ಎಂಬುದಕ್ಕೆ ಹೆಸರು ಬೇಕಷ್ಟೆ.

ನನ್ನ ಹೆಸರು ಇನ್ನೊಂದು ವಸ್ತುವಿನ ಮೇಲೂ ಇದೆ. ಅದೇ ಇಟಲಿಯ ಮನೆ.

ನಿಮ್ಮ ಅಜ್ಜ ಇಳಕಲ್ಲಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಪಾಲುದಾರರಾಗಿದ್ದಾಗ, ಬಂಡೆ ಕೊಯ್ಯುವ ಹಳೆಯ ಯಂತ್ರವೊಂದನ್ನು ಇಟಲಿಯ ಸಾರ್ಡೀನಿಯಾ ಎಂಬ ನಡುಗಡ್ಡೆಯಿಂದ ತರಿಸಿದರು. ಅದನ್ನು ಕೂಡಿಸಲು ಅದರ ಹಿಂದೆಯೇ ಬಂದ ಮಿಸ್ತ್ರಿ ಪಾವ್ಲೊ. ಮೂರು ತಿಂಗಳು ಇದ್ದ, ನಮ್ಮ ಮನೆಯಲ್ಲೇ ಉಂಡ. ಕಾರ್ಖಾನೆಯ ಹುಡುಗರೆಲ್ಲ ಅವನನ್ನು ಪಾವಲಪ್ಪ ಎಂದು ಕರೆದರು; ಅವನೂ ಅವರಿಂದಲೇ ಕನ್ನಡ ಕಲಿತ. ಹಾಗಾಗಿ ಅವನ ಕನ್ನಡದಲ್ಲಿ ‘ಲೇ’ ಇಲ್ಲದ ಮಾತೇ ಇರಲಿಲ್ಲ. ಮನೆಗೆ ಬಂದ ಬ್ಯಾಂಕಿನ ಸಾಹೇಬರಿಗೆ ಕುರ್ಚಿ ಸರಿಸಿ, ಬಹಳ ವಿನಯದಿಂದ, "ಕುಂದರಲೇ" ಎಂದಿದ್ದ. ನನಗೆ, "ಸಾಕಲೇ ಅಕ್ಕಾ, ಖಾರ ಬ್ಯಾಡಲೇ" ಎನ್ನುತ್ತಿದ್ದ. ನಾನು ಬಾಗಿಲ ಮರೆಯಲ್ಲಿ ನಿಂತು ಸೆರಗು ಕಚ್ಚಿ ನಗುತ್ತಿದ್ದೆ.

ಮುಂದೆ ಅಜ್ಜ ಅವನ ಊರಿಗೆ ಹೋದರು. ಊರಿನ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತಂತೆ. ಪಾವ್ಲೊನ ಅಕ್ಕ ಲೂಚಿಯಾಳ ಮನೆಯೆದುರಿನ ಎರಡು ಖೋಲಿಯ ಮನೆ ಇಳಕಲ್ಲಿನ ಸೈಟಿಗಿಂತ ಅಗ್ಗವಾಗಿ ಸಿಗುತ್ತಿತ್ತಂತೆ. ಅವರು ನನ್ನನ್ನು ಕೇಳಲಿಲ್ಲ. ಕೊಂಡು ಬಂದು ಕಾಗದ ತೋರಿಸಿ, "ಭಾಂಡೆಕ್ಕ ಹೆಸರ ಹಾಕಸ್ತೀರಲ್ಲ, ಹಂಗ ಮನಿಗೂ ನಿನ್ನ ಹೆಸರ ಹಾಕ್ಸೇನಿ ನೋಡು. ಎಲ್ಲಿದ್ರೂ ಕಳಿಯಂಗಿಲ್ಲ" ಎಂದರು. ಸಿಟ್ಟು ಬಂದಿತ್ತು, ನಗೆಯೂ ಬಂತು. ಎರಡನ್ನೂ ನುಂಗಿ ಚಹಾ ಇಟ್ಟೆ.

ಓಣಿಯ ಬಾಯಿಗೆ ಅದು ಬಂಗಲೆಯಾಗಿ ಬಿತ್ತು. ಸೀರೆ ಅಂಗಡಿಯ ಶಾಂತಕ್ಕ, "ಏನ್ರಿ ಗಂಗಕ್ಕಾರ, ಫಾರಿನ್ ಮನಿಯಿಂದ ಸಮುದ್ರ ಕಾಣ್ತೈತಂತಲ್ರಿ?" ಎಂದು ಕೇಳಿದಾಗ ನಾನು ಹೌದೆಂದು ತಲೆಯಾಡಿಸಿದೆ. ಸುಳ್ಳಲ್ಲ. ಮಾಳಿಗೆ ಹತ್ತಿದರೆ, ಮೋಡ ಇಲ್ಲದಿದ್ದರೆ, ನಿಮ್ಮ ಅಜ್ಜ ಬೊಟ್ಟುಮಾಡಿದ ಕಡೆಗೇ ನೋಡಿದರೆ, ನೀಲಿಯಾದದ್ದೇನೋ ಕಾಣುತ್ತದೆ.

ನಾನು ಮೊದಲ ಸಲ ಅಲ್ಲಿ ಇಳಿದಾಗ ಸುತ್ತಲೂ ಕೆಂಪು ಬಂಡೆ, ಜಾಲಿಯಂಥ ಮುಳ್ಳುಕಂಟಿ, ಕುರಿಯ ಹಿಂಡು, ಕಟ್ಟೆಯ ಮೇಲೆ ಸಾಲಾಗಿ ಕುಳಿತ ಮುದುಕರು. ಎರಡು ವಿಮಾನ ಹತ್ತಿ ಇಳಿದು ಮತ್ತೆ ಹುನಗುಂದಕ್ಕೇ ಬಂದೆನೇನೋ ಅನ್ನಿಸಿತು. ಮನೆಯ ಬಾಗಿಲು ತೆರೆದರೆ ಚಳಿಗಾಲವೆಲ್ಲ ಮುಚ್ಚಿದ್ದ ಗೋಡೆಗಳ ಬೂಸ್ಟಿನ ವಾಸನೆ. ಗಾದಿಗೆ ಬಿಸಿಲು ಕಾಣಿಸಬೇಕು, ಒಡೆದ ನೀರಿನ ಪೈಪು ಕೂಡಿಸಬೇಕು, ಗೋಡೆಯ ಸಂದಿಯಲ್ಲಿ ಹುಟ್ಟಿದ ಅಂಜೂರದ ಗಿಡ ಕೀಳಬೇಕು. ಅಜ್ಜ ಹಂಚು ಸರಿಸುತ್ತ ಮಾಳಿಗೆಯ ಮೇಲೆ; ನಾನು ಕಸಬರಿಗೆ ಹಿಡಿದು ಕೆಳಗೆ. ವಿಶ್ರಾಂತಿಗೆಂದು ಕೊಂಡ ಮನೆಯಲ್ಲಿ ನಾವು ವಿಶ್ರಾಂತಿ ಪಡೆದದ್ದು, ನನಗೆ ನೆನಪಿದ್ದಂತೆ, ಹೊರಡುವ ಹಿಂದಿನ ಸಂಜೆ.

ಸ್ವಂತ ಮನೆಗೆ ಹೋಗಲು ವೀಸಾ ಬೇಡುವುದು ಇನ್ನೊಂದು ಸೋಜಿಗ. ಅಲ್ಲಿಯ ಮನೆಗೆ ಹೋಗಬೇಕಾದರೆ, ಇಲ್ಲಿಯ ಮನೆಗೆ ತಿರುಗಿ ಬರುತ್ತೇನೆಂದು ಕಾಗದ ತೋರಿಸಬೇಕು. ರೊಟ್ಟಿ ಬಡಿದು, ಹಂಚಿನ ಮೇಲೆ ತಿರುವಿ ತಿರುವಿ ನನ್ನ ಬೆರಳಿನ ಗೆರೆಗಳು ಅಳಿಸಿಹೋಗಿ, ವೀಸಾ ಕಚೇರಿಯ ಬೆರಳಚ್ಚಿನ ಯಂತ್ರ ನನ್ನನ್ನು ಮನುಷ್ಯಳೆಂದೇ ಒಪ್ಪುತ್ತಿರಲಿಲ್ಲ. ಮೇಜಿನ ಹಿಂದಿನ ಹುಡುಗಿ ನಮ್ಮ ಕಡೆಯವಳೇ, "ಅಲ್ಲಿ ಯಾಕ ಹೊಂಟೀರಿ ಅಜ್ಜಿ?" ಎಂದಳು. ನಾಚಿಕೆಯ ಗಡಿಬಿಡಿಯಲ್ಲಿ ನಿಜವೇ ಬಾಯಿಗೆ ಬಂತು: "ಕಸಾ ಹೊಡಿಯಾಕರಿ."

ಹೀಗೆ ನಾಲ್ಕು ಸಲ ಹೋದೆವು. ಆಮೇಲೆ ಅಜ್ಜ ತೀರಿಹೋದರು. ಮನೆಯ ಮೇಲಿನ ಕರದ ಪತ್ರಗಳು ಮಾತ್ರ ಬರುವುದು ನಿಲ್ಲಲಿಲ್ಲ. ನಿಮ್ಮಪ್ಪ ಒಂದು ದಿನ ಅವುಗಳನ್ನೆಲ್ಲ ಹರವಿಕೊಂಡು, "ಅವ್ವಾ, ಯಾರೂ ಇರದ ಮನಿ ಎಷ್ಟ ದಿನ ಕಾಯೂಣು? ಕೊಳ್ಳಾವ್ರು ಬಂದಾರ, ಮಾರಿಬಿಡೂಣು. ನಿನ್ನ ಹೆಸರಲೆ ಐತಿ, ನೀನ ಬಂದು ಸಹಿ ಮಾಡ್ಬೇಕು" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಜ್ಜ ಇಲ್ಲದ ಆ ಖೋಲಿಗಳ ಬಾಗಿಲು ತೆರೆಯಲು ನನಗೂ ಅಂಜಿಕೆ. ತಲೆಯಾಡಿಸಿದೆ. ನಾನು ಜೀವನದಲ್ಲಿ ಒಪ್ಪಿದ ಎಷ್ಟೋ ಸಂಗತಿಗಳು ಹೀಗೆ ಕತ್ತಿನಿಂದಲೇ ಆದವು. ಬಾಯಿಗೆ ಗೊತ್ತೇ ಇರುವುದಿಲ್ಲ.

ಕಳೆದ ಶ್ರಾವಣದಲ್ಲಿ ನಾನು, ನಿಮ್ಮಪ್ಪ ಇಬ್ಬರೂ ಹೋದೆವು. ಗುರುವಾರ ಅಲ್ಲಿನ ನೋಟರಿಯ ಹತ್ತಿರ ಮಾರಾಟದ ಕಾಗದಕ್ಕೆ ಸಹಿ, ಶುಕ್ರವಾರ ವಿಮಾನ. ಜೋಳದ ಹಿಟ್ಟು, ಹಂಚು, ಎರಡು ತಾಟು ಗಂಟುಕಟ್ಟಿಕೊಂಡು ಹೋಗಿದ್ದೆ. ಸೋಮವಾರ ಎದ್ದಾಗ ನೆನಪಾಯಿತು: ಇವತ್ತು ರೊಟ್ಟಿ ಪಂಚಮಿ. ಓಣಿಯಲ್ಲಿ ತಾಟುಗಳು ತಿರುಗುವ ದಿನ ಕೈಕಟ್ಟಿ ಕೂಡುವುದು ಹೇಗೆ? ಕಲ್ಲಿನ ಕಟ್ಟೆಯ ಮೇಲೆ ಪಟಪಟ ಬಡಿದೆ. ಆ ಸಪ್ಪಳಕ್ಕೆ ಎದುರಿನ ಕಿಟಕಿಯಲ್ಲಿ ಲೂಚಿಯಾ ಇಣುಕಿದಳು. ಅವಳೂ ಗಂಡನಿಲ್ಲದವಳು, ಎಷ್ಟೋ ವರ್ಷದಿಂದ ಕಪ್ಪು ಬಟ್ಟೆಯನ್ನೇ ಉಡುತ್ತಾಳೆ. ನಮ್ಮ ಮನೆಯ ಕೀಲಿ ಅವಳ ಹತ್ತಿರವೇ ಇರುತ್ತಿತ್ತು, ಆದರೆ ನಾಲ್ಕು ಸಲದಲ್ಲಿ ಅವಳೊಡನೆ ನಾನು ನಕ್ಕದ್ದಷ್ಟೇ, ಮಾತಾಡಿದ್ದಿಲ್ಲ. ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ ಇಟ್ಟು ತಾಟನ್ನು ಅವಳ ಕೈಗೆ ಕೊಟ್ಟೆ. ಅವಳು ಅಂಚಿನ ಚುಕ್ಕಿಗಳ ಮೇಲೆ ಬೆರಳಾಡಿಸಿ, ಏನೋ ಅಂದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಂಗಳವಾರ ತಾಟು ಬರಲಿಲ್ಲ. ಬುಧವಾರವೂ ಬರಲಿಲ್ಲ. ರೊಟ್ಟಿ ಸೇರಲಿಲ್ಲವೇ? ತಾಟೂ ಉಡುಗೊರೆ ಎಂದುಕೊಂಡಳೇ? ಅವ್ವ ಕೊಟ್ಟ ತಾಟು! ಮನೆ ಮಾರಲು ಬಂದವಳು ಒಂದು ತಾಟಿಗಾಗಿ ಕಿಟಕಿ ಕಾಯುತ್ತಿದ್ದೆ. ಗುರುವಾರ ಮುಂಜಾನೆ ನಿಮ್ಮಪ್ಪ ಇಸ್ತ್ರಿ ಅಂಗಿ ತೊಟ್ಟು ನಿಂತು, "ನಡಿ ಅವ್ವಾ, ಹೊತ್ತಾತು" ಎಂದಾಗ ನನ್ನ ಬಾಯಿಂದ ಹೊರಬಿತ್ತು:

"ತಾಟ ಬರೂತನಾ ನಾ ಸಹಿ ಮಾಡಂಗಿಲ್ಲ."

"ಏನು?"

"ನಮ್ಮವ್ವ ಕೊಟ್ಟ ತಾಟ ಅದು."

"ಯವ್ವಾ, ಇಳಕಲ್ಲಾಗ ನಿನಗ ಹತ್ತು ತಾಟ ಕೊಡಸ್ತೇನಿ. ಇಷ್ಟ ವರ್ಷ ಬಾಯಿ ಬಿಡದಾಕಿ ಇವತ್ತ ಬಿಟ್ಟೀ ನೋಡು!"

ಅವನು ಹೇಳುತ್ತಿದ್ದಂತೆಯೇ ನಾನು ಓಣಿ ದಾಟಿ ಲೂಚಿಯಾಳ ಬಾಗಿಲು ಬಡಿದಿದ್ದೆ. ಬೇರೆಯವರ ಬಾಗಿಲನ್ನು ನಾನಾಗಿ ಬಡಿದದ್ದು ನನಗೆ ತಿಳಿದಂತೆ ಅದೇ ಮೊದಲು.

ಒಳಗೆ ಪಾವ್ಲೊ ಕಾಫಿ ಕುಡಿಯುತ್ತಿದ್ದ, ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ತಾಟು ಅವರ ಕಪಾಟಿನ ಮೇಲೆ, ಒಳ್ಳೆಯ ಪಿಂಗಾಣಿಯ ನಡುವೆ, ಬೆಳಗಿಸಿಕೊಂಡು ನಿಂತಿತ್ತು. ನಾನು ಅದನ್ನೇ ನೋಡಿದೆ. ಲೂಚಿಯಾ ಗಡಬಡಿಸಿ ತಮ್ಮನಿಗೆ ಏನೇನೋ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಶನಿವಾರದ ಮೇಲೆ ಬೆರಳು ಕುಟ್ಟಿದಳು. ಪಾವ್ಲೊ ಹಳೆಯ ಕನ್ನಡವನ್ನು ಹುಡುಕಿ ಹುಡುಕಿ ತೆಗೆದ.

"ಖಾಲಿ ತಾಟ ಕೊಡಾಕ ಬರಂಗಿಲ್ಲಲೇ ಅಕ್ಕಾ. ರೊಟ್ಟಿ ಶನಿವಾರಲೇ."

ಅವರಲ್ಲೂ ಅದೇ ಪದ್ಧತಿಯಂತೆ. ಅವರ ರೊಟ್ಟಿಯನ್ನು ಆಗ ನೋಡಿದೆ. ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದನ್ನು ಅವಳು ತೆಗೆದು ತೋರಿಸಿದಳು: ಕಾಗದದಷ್ಟು ತೆಳ್ಳಗೆ, ದುಂಡಗೆ, ಮುರಿದರೆ ಚಟ್ಟೆನ್ನುವ ಗೋದಿ ರೊಟ್ಟಿ. ಕುರಿ ಕಾಯುವವರು ತಿಂಗಳುಗಟ್ಟಲೆ ಕಟ್ಟಿಕೊಂಡು ಹೋಗಲೆಂದು ಮಾಡುವುದಂತೆ. ನನಗೆ ನಮ್ಮಪ್ಪ ನೆನಪಾದ. ಕುರಿಗಾರರ ದೇವರು ಬೀರಪ್ಪನಿಗೆ ಅರಿಶಿಣದ ಭಂಡಾರ ಹಾರಿಸಿ, ಕುರಿ ಹೊಡೆದುಕೊಂಡು ಊರೂರು ತಿರುಗಲು ಹೊರಟಾಗ ಅವ್ವ ಅವನಿಗೆ ಕಂಬಳಿಯಲ್ಲಿ ಕಟ್ಟಿಕೊಡುತ್ತಿದ್ದ ಖಡಕ್ ರೊಟ್ಟಿಯ ಸಪ್ಪಳವೂ ಹೀಗೇ ಇತ್ತು. ಆ ರೊಟ್ಟಿ ಹೊಸದಾಗಿ ಸುಡದೆ ನನ್ನ ತಾಟು ತುಂಬುವಂತಿರಲಿಲ್ಲ. ಲೂಚಿಯಾಳ ಹಿತ್ತಲಿನ ದೊಡ್ಡ ಒಲೆ ಚಳಿಗಾಲದ ಮಳೆಗೆ ಕುಸಿದುಬಿದ್ದಿತ್ತು. ಊರಾಚೆಯ ಇನ್ನೊಬ್ಬಳ ಒಲೆಯಲ್ಲಿ ಇವಳ ಪಾಳಿ ಶನಿವಾರ. ನಾವು ಶುಕ್ರವಾರ ಹೊರಡುತ್ತೇವೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ನಮ್ಮ ಮನೆಯ ಹಿಂದೆಯೂ ಅಂಥದೇ ಒಲೆಯಿದೆ. ಅಜ್ಜ ಅದರಲ್ಲಿ ಮಾಳಿಗೆಗೆ ಹೊದಿಸಿ ಉಳಿದ ಹಂಚುಗಳನ್ನು ತುಂಬಿಟ್ಟಿದ್ದರು. ಪಾವ್ಲೊನಿಗೆ ಹೇಳಿದೆ: "ನಮ್ಮ ಒಲಿ ಐತಲ್ಲ. ಕೀಲಿ ಆಕಿ ಹತ್ರನ ಐತಿ. ಅಲ್ಲೇ ಮಾಡ್ಲಿ. ಎಲ್ಲಾರೂ ಬರ್ಲಿ."

ಅವನು ತಿಳಿಸಿದ. ಲೂಚಿಯಾ ರೊಟ್ಟಿಯ ಪುಡಿ ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದಳು. ಅವಳ ಬೆರಳಿನ ಗೆರೆಗಳೂ ಅಳಿಸಿದ್ದವು.

ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ನಿಮ್ಮಪ್ಪನ ಕಡೆ ತಿರುಗಿ, "ನಾ ಸಹಿ ಮಾಡಂಗಿಲ್ಲಪ್ಪಾ" ಎಂದೆ. ತಾಟಿನ ನೆವ ಮುಗಿದಿತ್ತು. ಈ ಸಲ ಮಾತು ನನ್ನದೇ.

"ಮಾಳಿಗಿ ಸೋರ್ತೈತಲ್ಲ ಅವ್ವಾ?"

"ಮಂದಿ ಇದ್ರ ಸೋರೂದು ಕಾಣ್ತೈತಿ. ಯಾರರ ಒಂದು ಹಂಚು ಸರಸ್ತಾರ. ಕೀಲಿ ಹಾಕಿದ್ರ ಅದು ಹೆಂಗ ಹೇಳ್ಬೇಕು?"

ಅವನು ತಲೆ ಕೆರೆದುಕೊಂಡ. ಪಾಪ, ಒಬ್ಬನೇ ಹೋಗಿ ನೋಟರಿಗೂ ಕೊಳ್ಳಲು ಬಂದವರಿಗೂ ತಪ್ಪಾಯಿತೆಂದು ಹೇಳಿ ಬಂದ. ಬಂದವನು ಇಸ್ತ್ರಿ ಅಂಗಿ ಕಳಚಿ, ಒಲೆಯೊಳಗಿನ ಹಂಚುಗಳನ್ನು ಒಂದೊಂದಾಗಿ ಹೊರಗೆ ತೆಗೆದ. ಅಜ್ಜನ ಕೈಯ ಮಸಿಗುರುತು ಕೆಲವು ಹಂಚುಗಳ ಮೇಲೆ ಹಾಗೇ ಇತ್ತು. ಅವನ್ನು ಅವನು ಬೇರೆ ಇಟ್ಟ. ನಾನು ಕಂಡರೂ ಕಾಣದಂತಿದ್ದೆ.

ತಾಟು ಅಲ್ಲೇ ಉಳಿಯಿತು. ಶನಿವಾರ ನಾವು ಊರು ತಲುಪುವ ಹೊತ್ತಿಗೆ ಪಾವ್ಲೊ ಫೋನಿಗೆ ಚಿತ್ರ ಕಳಿಸಿದ್ದ: ನಮ್ಮ ಹಿತ್ತಲು, ಒಲೆಯ ಬೆಂಕಿ, ತಲೆಗೆ ಬಟ್ಟೆ ಕಟ್ಟಿದ ಐದಾರು ಹೆಂಗಸರು, ನಡುವೆ ನನ್ನ ತಾಟಿನಲ್ಲಿ ಎತ್ತರಕ್ಕೆ ಪೇರಿಸಿದ ರೊಟ್ಟಿ. ಜೊತೆಗೆ ಅವನ ದನಿ: "ತಾಟ ತುಂಬೇತಲೇ ಅಕ್ಕಾ, ತಗೊಂಡ ಹೋಗಾಕ ಬಾರಲೇ."

ಎಲ್ಲ ಸರಿಹೋಯಿತೆಂದು ತಿಳಿಯಬೇಡಿರಿ. ಮಾಳಿಗೆ ಒಂದು ಮೂಲೆಯಲ್ಲಿ ಇನ್ನೂ ಸೋರುತ್ತದಂತೆ, ಕರದ ಪತ್ರ ಮೊನ್ನೆಯೂ ಬಂತು, ನಿಮ್ಮಪ್ಪ ಮೊನ್ನೆಯೂ ಗೊಣಗಿದ. ಆದರೆ ಪ್ರತಿ ಶನಿವಾರ ಹೆಂಗಸರು ಬಾಗಿಲು ತೆರೆದು ಒಲೆ ಹೊತ್ತಿಸುತ್ತಾರೆ, ಗೋಡೆಯ ಬೂಸ್ಟು ಹೋಗಿದೆಯಂತೆ. ವಾರಕ್ಕೊಮ್ಮೆ ಬೆಂಕಿ ಕಂಡ ಮನೆ ಒಣಗದೆ ಏನು ಮಾಡೀತು?

ಈ ಶ್ರಾವಣಕ್ಕೆ ಐದೂ ಮಂದಿ ಹೋಗೋಣವೆಂದು ಅರ್ಜಿ ಹಾಕಿದ್ದೇವೆ. ಯಂತ್ರ ನನ್ನ ಬೆರಳನ್ನು ಈ ಸಲವೂ ಒಪ್ಪದಿದ್ದರೆ ನೀವಿಬ್ಬರೂ ಪಕ್ಕದಲ್ಲಿ ನಿಂತು ಸಾಕ್ಷಿ ಹೇಳಬೇಕು. ಬೀರೇಶ, ನಿನ್ನ ಅಜ್ಜ ತಾಟು ತೆಗೆದುಕೊಂಡು ಹೋಗಲಿಲ್ಲಪ್ಪ. ಅದು ಅವರ ಮನೆಯ ಎದುರು, ಲೂಚಿಯಾಳ ಕಪಾಟಿನಲ್ಲಿ, ಪ್ರತಿ ಶನಿವಾರ ತುಂಬಿಕೊಂಡು, ನಮಗಾಗಿ ಕಾಯುತ್ತಿದೆ. ಸ್ಟ್ಯಾಂಡಿನ ಖಾಲಿ ಜಾಗದಲ್ಲಿ ನಿಮ್ಮವ್ವ ನಿನ್ನೆ ಬೇರೊಂದು ತಾಟು ಇಟ್ಟಿದ್ದಳು. ನಾನು ತೆಗೆದು ಬುಟ್ಟಿಯಲ್ಲಿ ಹಾಕಿದೆ. ಉಳಿದ ಐದನ್ನು ಗಂಟು ಕಟ್ಟೋಣ. ಅಲ್ಲಿ ಒಯ್ದು ಇಟ್ಟರೆ ಆರಾಗುತ್ತವೆ.